ಕಾರ್ಡಿನ ನಿಜವಾದ ವೀಕ್‌ನೆಸ್ ಎಲ್ಲಿದೆ?

ಕಾರ್ಡ್ ಆಟದ ಟೂರ್ನಮೆಂಟ್‌ಗಳಿಗೆ ಆಟಗಾರರನ್ನು ತಯಾರು ಮಾಡುವುದು ನನ್ನ ಕೆಲಸ. ಹೊಸದಾಗಿ ಕಲಿಯಲು ಬಂದವರು ತಮ್ಮ ಮೆಚ್ಚಿನ ಕಾರ್ಡನ್ನು ಮುಂದಿಟ್ಟು ಕೇಳುವುದು ಒಂದೇ ಮಾತು: "ಸರ್, ಇದು ಸ್ಟ್ರಾಂಗಾ?" ನಾನು ತಿರುಗಿ ಕೇಳುತ್ತೇನೆ: "ಇದು ಕೆಲಸ ಶುರು ಮಾಡೋದು ಎಷ್ಟನೇ ಸರದಿಗೆ?" ಬಹಳ ಜನ ಅಲ್ಲೇ ತಡವರಿಸುತ್ತಾರೆ. ಅವರ ಕಣ್ಣೆಲ್ಲ ದೊಡ್ಡ ಅಂಕಿಯ ಮೇಲೆ ಇರುತ್ತದೆ.

ಪೋಕೆಮಾನ್ ಆಟದ ಮೊದಲ ಸೆಟ್‌ನ ಚಾರಿಜಾರ್ಡ್ ಕಾರ್ಡನ್ನೇ ನೋಡೋಣ. ಈ ಸೆಟ್ ಜಪಾನಿನಲ್ಲಿ 1996ರಲ್ಲಿ ಬಂತು, ಇಂಗ್ಲಿಷಿನಲ್ಲಿ 1999ರಲ್ಲಿ. ಸಂಗ್ರಹ ಮಾಡುವವರಿಗೆ ಇವತ್ತಿಗೂ ಇದರ ಮೇಲೆ ಪ್ರಾಣ. ಚಾರಿಜಾರ್ಡ್‌ಗೆ 120 ಎಚ್‌ಪಿ, ಅಂದರೆ ಒಟ್ಟು 120 ಪೆಟ್ಟು ಬೀಳುವವರೆಗೆ ನಿಂತಿರುತ್ತದೆ. ಫೈರ್ ಸ್ಪಿನ್ ಎಂಬ ಇದರ ದಾಳಿ ಒಂದೇ ಸಲಕ್ಕೆ 100 ಪೆಟ್ಟು ಕೊಡುತ್ತದೆ. ಕಾರ್ಡಿನ ಕೆಳಗಡೆ ವೀಕ್‌ನೆಸ್ ಎಂದು ನೀರಿನ ಗುರುತಿದೆ. ಓದಿದವರು "ಸರಿ, ನೀರಿನ ಪೋಕೆಮಾನ್ ಎದುರು ಹುಷಾರಾಗಿದ್ರೆ ಸಾಕು" ಅಂದುಕೊಳ್ಳುತ್ತಾರೆ.

ನಿಜವಾದ ತೊಂದರೆ ಅದಲ್ಲ. ಪೆನ್ನು ಹಿಡಿದು ಲೆಕ್ಕ ಹಾಕಿ. ಚಾರಿಜಾರ್ಡನ್ನು ನೇರವಾಗಿ ಇಳಿಸಲು ಬರುವುದಿಲ್ಲ. ಮೊದಲು ಚಾರ್ಮ್ಯಾಂಡರ್, ಅದರ ಮೇಲೆ ಚಾರ್ಮೀಲಿಯನ್, ಆಮೇಲೆ ಇದು. ಫೈರ್ ಸ್ಪಿನ್‌ಗೆ ನಾಲ್ಕು ಎನರ್ಜಿ, ಅಂದರೆ ದಾಳಿಗೆ ಶಕ್ತಿ ಕೊಡುವ ಕಾರ್ಡುಗಳು, ಬೇಕು; ಒಂದು ಸರದಿಗೆ ಹಚ್ಚಲು ಬಿಡುವುದು ಒಂದೇ ಎನರ್ಜಿ ಕಾರ್ಡ್. ಬೇರೆ ಕಾರ್ಡುಗಳ ಸಹಾಯ ಸಿಗದಿದ್ದರೆ ಮೊದಲ ದಾಳಿ ನಾಲ್ಕನೇ ಸರದಿಗೆ. ಪ್ರತಿ ದಾಳಿಗೂ ಎರಡು ಎನರ್ಜಿ ಕಳೆದುಕೊಳ್ಳಬೇಕು, ಹಾಗಾಗಿ ಎರಡನೇ ದಾಳಿ ಆರನೇ ಸರದಿಗೆ. ಅಲ್ಲಿಂದಾಚೆಗೂ ಎರಡು ಸರದಿಗೆ ಒಂದೇ ದಾಳಿ. ಅಂದರೆ ಆ 100 ಎನ್ನುವುದು ಒಂದು ಸರದಿಗೆ 50 ಮಾತ್ರ.

ಈಗ ಅದೇ ಸೆಟ್‌ನ ಹಿಟ್‌ಮನ್‌ಚಾನ್ ನೋಡಿ. ಬರೀ 70 ಎಚ್‌ಪಿ. ಜ್ಯಾಬ್ ಎಂಬ ದಾಳಿ 20 ಪೆಟ್ಟು, ಸ್ಪೆಷಲ್ ಪಂಚ್ 40. ಮಕ್ಕಳು ಇದನ್ನು ಪಕ್ಕಕ್ಕೆ ಸರಿಸಿಬಿಡುತ್ತಾರೆ. ಆದರೆ ಇದನ್ನು ನೇರವಾಗಿ ಇಳಿಸಬಹುದು. ಜ್ಯಾಬ್‌ಗೆ ಒಂದೇ ಎನರ್ಜಿ, ಸ್ಪೆಷಲ್ ಪಂಚ್‌ಗೆ ಮೂರು. ಮೊದಲ ಎರಡು ಸರದಿಯಲ್ಲಿ ಇಪ್ಪತ್ತಿಪ್ಪತ್ತು, ಮೂರನೆಯದರಿಂದ ನಲವತ್ತು ನಲವತ್ತು. ಆರನೇ ಸರದಿಯ ಹೊತ್ತಿಗೆ ಒಟ್ಟು 200. ಚಾರಿಜಾರ್ಡ್‌ನ ಎರಡು ಫೈರ್ ಸ್ಪಿನ್ ಸೇರಿಸಿದರೂ 200! ವ್ಯತ್ಯಾಸ ಏನೆಂದರೆ, ಮೂರನೇ ಸರದಿ ಮುಗಿದಾಗ ಒಬ್ಬರದು 80 ಆಗಿರುತ್ತದೆ, ಇನ್ನೊಬ್ಬರು ಚಾರ್ಮ್ಯಾಂಡರ್‌ನ ಸಣ್ಣಪುಟ್ಟ ಪೆಟ್ಟುಗಳಲ್ಲಿ ಕಾಲ ತಳ್ಳುತ್ತಿರುತ್ತಾರೆ.

ಇನ್ನೊಂದು ವಿಷಯ ನನಗೆ ಈಗಲೂ ಬಹಳ ಇಷ್ಟ. ಚಾರಿಜಾರ್ಡ್‌ಗೆ ಫೈಟಿಂಗ್ ದಾಳಿಗಳ ಎದುರು 30ರ ರೆಸಿಸ್ಟೆನ್ಸ್ ಇದೆ, ಅಂದರೆ ಆ ಪೆಟ್ಟಿನಲ್ಲಿ 30 ಕಳೆಯುತ್ತದೆ. ಹಿಟ್‌ಮನ್‌ಚಾನ್ ಫೈಟಿಂಗ್ ಬಗೆಯದು, ಅದರ 20ರ ಜ್ಯಾಬ್ ಚಾರಿಜಾರ್ಡ್‌ಗೆ ತಾಗುವುದೇ ಇಲ್ಲ. ಕಾರ್ಡ್ ಓದಿ ತೀರ್ಪು ಕೊಟ್ಟರೆ ಹಿಟ್‌ಮನ್‌ಚಾನ್ ಸೋಲಲೇಬೇಕು, ಅಲ್ವಾ? ಆದರೆ ಚಾರ್ಮ್ಯಾಂಡರ್‌ಗೆ ಆ ರಕ್ಷಣೆ ಇಲ್ಲ, 50 ಎಚ್‌ಪಿ ಅಷ್ಟೇ. ಆ ಕಾಲದ ನಿಯಮದಂತೆ ಮೊದಲು ಆಡುವ ಅವಕಾಶ ಸಿಕ್ಕಿ, ಜ್ಯಾಬ್ ಜೊತೆಗೆ 10 ಪೆಟ್ಟು ಕೂಡಿಸುವ ಪ್ಲಸ್‌ಪವರ್ ಒಂದಿದ್ದರೆ, ಮೊದಲ ಸರದಿಗೆ 30, ಎರಡನೆಯದಕ್ಕೆ 20. ಎದುರಿಗಿದ್ದ ಮರಿ ಬೆಳೆಯುವ ಮೊದಲೇ ಮುಗಿಯಿತು. ಎದುರಾಳಿಯ ಒಂದು ಎನರ್ಜಿಯನ್ನು ಕಿತ್ತುಹಾಕುವ ಎನರ್ಜಿ ರಿಮೂವಲ್ ಕಾರ್ಡೂ ಅದೇ ಸೆಟ್‌ನಲ್ಲಿತ್ತು. ನಾಲ್ಕು ಕೂಡಿಸಲು ಒದ್ದಾಡುವವರಿಗೆ ಒಂದು ಹೋದರೆ ಜೀವವೇ ಹೋದಂತೆ. ಒಂದರಲ್ಲಿ ಕೆಲಸ ಮಾಡುವ ಹಿಟ್‌ಮನ್‌ಚಾನ್ ಇನ್ನೊಂದು ಹಚ್ಚಿ ಮುಂದೆ ಹೋಗುತ್ತದೆ. ಆ ಕಾಲದ ಟೂರ್ನಮೆಂಟ್‌ಗಳಲ್ಲಿ ಹೆಸರು ಮಾಡಿದ ಹೇಮೇಕರ್ ಎಂಬ ಡೆಕ್ (ಆಡಲು ಜೋಡಿಸಿಕೊಳ್ಳುವ ಕಾರ್ಡುಗಳ ಕಟ್ಟು) ಕಟ್ಟಿದ್ದು ಹಿಟ್‌ಮನ್‌ಚಾನ್, ಎಲೆಕ್ಟಬಝ್‌ನಂಥ ನೇರವಾಗಿ ಇಳಿಯುವ ಕಾರ್ಡುಗಳ ಮೇಲೆ.

ಕೆಲವು ಸಲ ಲೆಕ್ಕ ಪೂರ್ತಿ ಉಲ್ಟಾ ಆಗುತ್ತದೆ. ಮ್ಯಾಜಿಕ್: ದ ಗ್ಯಾದರಿಂಗ್ ಆಟದಲ್ಲಿ 2004ರಲ್ಲಿ ಸ್ಕಲ್‌ಕ್ಲ್ಯಾಂಪ್ ಎಂಬ ಕಾರ್ಡ್ ಬಂತು. ಇಳಿಸಲು ಒಂದು ಮನಾ (ಕಾರ್ಡ್ ಆಡಲು ತೆರುವ ಶಕ್ತಿ), ಒಂದು ಕ್ರಿಯೇಚರ್‌ಗೆ, ಅಂದರೆ ಹೋರಾಡುವ ಜೀವಿಯ ಕಾರ್ಡಿಗೆ, ತೊಡಿಸಲು ಇನ್ನೊಂದು. ತೊಟ್ಟ ಕ್ರಿಯೇಚರ್‌ನ ಹೊಡೆಯುವ ಶಕ್ತಿ ಒಂದು ಜಾಸ್ತಿ, ತಡೆಯುವ ಶಕ್ತಿ ಒಂದು ಕಡಿಮೆ. ಅದು ಸತ್ತರೆ ನಿಮಗೆ ಎರಡು ಕಾರ್ಡ್. ಆ "ಒಂದು ಕಡಿಮೆ" ನೋಡಲು ದೋಷದ ಹಾಗೇ ಕಾಣುತ್ತದೆ. ಆದರೆ ತಡೆಯುವ ಶಕ್ತಿ ಒಂದೇ ಇರುವ ಪುಟ್ಟ ಕ್ರಿಯೇಚರ್‌ಗೆ ತೊಡಿಸಿ ನೋಡಿ. ತೊಡಿಸಿದ ಕ್ಷಣವೇ ಸಾಯುತ್ತದೆ, ಎರಡು ಕಾರ್ಡ್ ಕೈಗೆ ಬರುತ್ತವೆ. ಮುಂದಿನ ಪುಟಾಣಿಗೆ ಮತ್ತೆ ಒಂದು ಮನಾ, ಮತ್ತೆ ಎರಡು ಕಾರ್ಡ್. ಅದೇ ವರ್ಷ ಜೂನ್‌ನಲ್ಲಿ ಸ್ಟ್ಯಾಂಡರ್ಡ್ ಮಾದರಿಯ ಆಟದಿಂದ ಇದನ್ನು ನಿಷೇಧಿಸಿದರು. ಅಗ್ಗದ ಪುಟ್ಟ ಕ್ರಿಯೇಚರ್‌ಗಳು ಜೊತೆಗಿಲ್ಲದಿದ್ದರೆ ಈ ಕಾರ್ಡಿಗೆ ಅಷ್ಟು ಜೋರಿಲ್ಲ. ಅದಕ್ಕೇ ಕಾರ್ಡೊಂದನ್ನೇ ಕೈಯಲ್ಲಿ ಹಿಡಿದು ತೂಗಬೇಡಿ, ಅದರ ಅಕ್ಕಪಕ್ಕ ಯಾರಿದ್ದಾರೆ ನೋಡಿ ಅನ್ನುತ್ತೇನೆ.

ಕೈಗೆ ಬರುವ ಲೆಕ್ಕವೂ ಇದೆ. 60 ಕಾರ್ಡಿನ ಡೆಕ್‌ನಲ್ಲಿ ಒಂದೇ ಕಾರ್ಡಿನ ನಾಲ್ಕು ಪ್ರತಿ ಇಟ್ಟರೂ, ಶುರುವಿನ ಏಳು ಕಾರ್ಡಿನಲ್ಲಿ ಒಂದಾದರೂ ಸಿಗುವ ಸಾಧ್ಯತೆ ಸುಮಾರು ಶೇ 40. "ಮೊದಲೇ ಸಿಕ್ರೆ ಸೂಪರ್" ಅನ್ನಿಸುವ ಕಾರ್ಡನ್ನು ತೂಗುವಾಗ ತಡವಾಗಿ ಬಂದರೆ ಅದು ಏನು ಮಾಡುತ್ತದೆ ಅಂತಲೂ ಕೇಳಿಕೊಳ್ಳಬೇಕು.

ಹೀಗಾಗಿ ನನ್ನ ಹತ್ತಿರ ಬರುವವರು ಕಾರ್ಡ್ ಕೊಳ್ಳುವ ಮೊದಲು ಚೀಟಿಯಲ್ಲಿ ಅದರ ಹೆಸರು ಬರೆದು ಡೆಕ್‌ಗೆ ಸೇರಿಸಿ ಹತ್ತು ಆಟ ಆಡಬೇಕು. ಚೀಟಿ ಕೈಗೆ ಬಂದಾಗಲೆಲ್ಲ ಪುಸ್ತಕದಲ್ಲಿ ಎರಡು ವಿಷಯ ಬರೆಯಬೇಕು: ಎಷ್ಟನೇ ಸರದಿಗೆ ಬಳಸಲು ಆಯಿತು, ಆ ಹೊತ್ತಿಗೆ ಅದರ ಬದಲು ಬೇರೆ ಯಾವ ಕಾರ್ಡ್ ಬೇಕನಿಸಿತು. ಮೊನ್ನೆ ಒಬ್ಬ ಹುಡುಗ ಪುಸ್ತಕ ತಂದು ತೋರಿಸಿದ. ಎರಡನೇ ಸಾಲಿನಲ್ಲಿ ಆರು ಸಲ ಒಂದೇ ಹೆಸರು: ಹಿಟ್‌ಮನ್‌ಚಾನ್. ಡೆಕ್ ಬಿಚ್ಚಿ, ನಾನು ಹೇಳುವ ಮೊದಲೇ ಎರಡು ಚಾರಿಜಾರ್ಡ್ ಚೀಟಿ ಹೊರಗೆ ತೆಗೆದಿಟ್ಟ.