ಫೀಚರ್ ರಿಕ್ವೆಸ್ಟ್: ವಿಡಿಯೋ ಪ್ಲೇಯರ್‌ಗೆ ಹೊಸ ಸೌಲಭ್ಯ ಕೇಳುವ ಬಗೆ

ಒಂದು ತಂತ್ರಾಂಶದಿಂದ ಸದ್ಯ ಆಗದ ಕೆಲಸವೊಂದು ಆಗುವಂತಾಗಲಿ ಎಂದು ಬಳಕೆದಾರರು ಅದನ್ನು ಕಟ್ಟುವವರಿಗೆ ಬರೆದು ಕೇಳುವುದೇ ಫೀಚರ್ ರಿಕ್ವೆಸ್ಟ್. ಈಗಾಗಲೇ ಆಗಬೇಕಾದ ಕೆಲಸ ಕೆಟ್ಟು ನಿಂತಿದ್ದರೆ ಅದನ್ನು ತಿಳಿಸುವುದು ಬಗ್ ರಿಪೋರ್ಟ್. ಎರಡೂ ಒಂದೇ ಜಾಗಕ್ಕೆ ಹೋಗಿ ಸೇರುತ್ತವೆ. ವಿಡಿಯೋ ಪ್ಲೇಯರ್‌ಗಳಲ್ಲಿ ವಿಎಲ್‌ಸಿ ಆದರೆ ವಿಡಿಯೋಲ್ಯಾನ್ ಸಂಸ್ಥೆಯ ಗಿಟ್‌ಲ್ಯಾಬ್, ಎಂಪಿವಿ ಆದರೆ ಗಿಟ್‌ಹಬ್ (ಎರಡೂ ತಂತ್ರಾಂಶದ ಕೋಡ್ ಮತ್ತು ಕೋರಿಕೆಗಳನ್ನು ಇಡುವ ಜಾಲತಾಣಗಳು). ಆದರೆ ಎರಡನ್ನೂ ಓದುವ ಬಗೆ ಬೇರೆ. ಬಗ್ ರಿಪೋರ್ಟ್ ಕೈಗೆತ್ತಿಕೊಂಡವರು ‘ಎಲ್ಲಿ ಕೆಟ್ಟಿದೆ’ ಎಂದು ಹುಡುಕುತ್ತಾರೆ. ಫೀಚರ್ ರಿಕ್ವೆಸ್ಟ್ ಕೈಗೆತ್ತಿಕೊಂಡವರು ‘ಇದು ಯಾರಿಗೆ ಬೇಕು, ಯಾವ ಕೆಲಸಕ್ಕೆ ಬೇಕು, ಎಷ್ಟು ಭಾಗಗಳನ್ನು ಬಿಚ್ಚಬೇಕಾಗುತ್ತದೆ’ ಎಂದು ನೋಡುತ್ತಾರೆ. ಈ ಮೂರರಲ್ಲಿ ಮೊದಲಿನ ಎರಡಕ್ಕೆ ಉತ್ತರ ಕೊಡಬಲ್ಲವರು ಬಳಕೆದಾರರು ಮಾತ್ರ. ಬರುವ ಕೋರಿಕೆಗಳಲ್ಲಿ ಹೆಚ್ಚಾಗಿ ಕಾಣೆಯಾಗಿರುವುದೂ ಅವೇ ಎರಡು.

‘ಇಲ್ಲಿ ಒಂದು ಬಟನ್ ಕೊಡಿ’ ಎಂದು ಕೇಳುವುದು ಸುಲಭ. ಬಟನ್ ಹಿಂದೆ ಏನಿರುತ್ತದೆ ಎಂದು ನೋಡಲು ವಿಎಲ್‌ಸಿ ಬಳಕೆದಾರರು ವರ್ಷಗಳಿಂದ ಕೇಳುತ್ತಾ ಬಂದಿರುವ ಒಂದೇ ಸೌಲಭ್ಯವನ್ನು ಎತ್ತಿಕೊಂಡರೆ ಸಾಕು: ಒಂದು ಫ್ರೇಮ್, ಅಂದರೆ ವಿಡಿಯೋದ ಒಂದು ಬಿಡಿ ಚಿತ್ರದಷ್ಟು, ಹಿಂದಕ್ಕೆ ಹೋಗುವುದು.

ವಿಎಲ್‌ಸಿ 3ರಲ್ಲಿ ‘ಇ’ ಕೀ ಒತ್ತಿದರೆ ವಿಡಿಯೋ ನಿಂತು, ಪ್ರತಿ ಒತ್ತಿಗೂ ಒಂದೊಂದು ಫ್ರೇಮ್ ಮುಂದಕ್ಕೆ ಸರಿಯುತ್ತದೆ. ಹಿಂದಕ್ಕೆ ಸರಿಯುವ ಕೀ ಇಲ್ಲ. ಬೇಲ್ಸ್ ಎಗರಿದ ಕ್ಷಣದಲ್ಲಿ ಬ್ಯಾಟ್ ಗೆರೆ ದಾಟಿತ್ತೇ ಎಂದು ನೋಡುವವರು, ವಿಡಿಯೋ ನೋಡಿ ಅಡವು ಕಲಿಯುವವರು, ಸಬ್‌ಟೈಟಲ್‌ಗೆ ಸಮಯ ಕೂರಿಸುವವರು, ಇವರೆಲ್ಲರಿಗೂ ಒಂದು ಫ್ರೇಮ್ ದಾಟಿಹೋದರೆ ಮತ್ತೆ ಕೆಲವು ಸೆಕೆಂಡು ಹಿಂದೆ ಹಾರಿ ಮೊದಲಿಂದ ‘ಇ’ ಒತ್ತುತ್ತಾ ಬರಬೇಕು. ಮುಂದಕ್ಕೆ ಹೋಗಲು ಆಗುತ್ತದಾದರೆ ಹಿಂದಕ್ಕೆ ಯಾಕಾಗಲ್ಲ?

ಉತ್ತರ ಇರುವುದು ವಿಡಿಯೋವನ್ನು ಕುಗ್ಗಿಸಿಡುವ ಕ್ರಮದಲ್ಲಿ. ಫೈಲ್‌ನಲ್ಲಿ ಪ್ರತಿ ಫ್ರೇಮೂ ಪೂರ್ತಿ ಚಿತ್ರವಾಗಿ ಇರುವುದಿಲ್ಲ. ಅಲ್ಲೊಂದು ಇಲ್ಲೊಂದು ಕೀಫ್ರೇಮ್ ಮಾತ್ರ ಪೂರ್ತಿ ಚಿತ್ರ. ಮಿಕ್ಕವು ‘ಪಕ್ಕದ ಫ್ರೇಮ್‌ಗಿಂತ ಇಷ್ಟು ಬದಲಾಗಿದೆ’ ಎಂಬ ಲೆಕ್ಕ ಮಾತ್ರ. ವಿಡಿಯೋ ಕುಗ್ಗಿಸುವ ಎಕ್ಸ್264 ಎನ್‌ಕೋಡರ್ ತನ್ನ ಮೂಲ ಸೆಟ್ಟಿಂಗ್‌ನಲ್ಲಿ ಎರಡು ಕೀಫ್ರೇಮ್‌ಗಳ ನಡುವೆ 250 ಫ್ರೇಮ್‌ವರೆಗೂ ಅಂತರ ಬಿಡುತ್ತದೆ. ಸೆಕೆಂಡಿಗೆ 25 ಫ್ರೇಮ್ ಇರುವ ವಿಡಿಯೋದಲ್ಲಿ ಅದು 10 ಸೆಕೆಂಡು. ನೀವು 240ನೇ ಫ್ರೇಮ್‌ನಲ್ಲಿ ನಿಂತು 239ನೆಯದನ್ನು ಕೇಳಿದರೆ, ಪ್ಲೇಯರ್ ಹಿಂದಿನ ಕೀಫ್ರೇಮ್‌ಗೆ ಹೋಗಿ, ಅಲ್ಲಿಂದ ಒಂದೊಂದನ್ನೇ ಬಿಡಿಸುತ್ತಾ (ಡಿಕೋಡ್ ಮಾಡುತ್ತಾ) 239ರವರೆಗೆ ಬಂದು, ಅದೊಂದನ್ನು ತೋರಿಸಬೇಕು. ಇನ್ನೊಂದು ಹೆಜ್ಜೆ ಹಿಂದೆ ಎಂದರೆ ಮತ್ತೆ ಅದೇ ಪ್ರಯಾಣ.

ಬಿಡಿಸಿದ್ದನ್ನೆಲ್ಲ ಮೆಮೊರಿಯಲ್ಲಿ ಇಟ್ಟುಕೊಂಡರೆ ಆಯ್ತಲ್ಲ ಎನ್ನಿಸುತ್ತದೆ. ಲೆಕ್ಕ ಹಾಕಿ. ಸಾಮಾನ್ಯ 8 ಬಿಟ್ ವಿಡಿಯೋದಲ್ಲಿ ಬಿಡಿಸಿದ ಒಂದು ಚಿತ್ರಕ್ಕೆ ಪಿಕ್ಸೆಲ್ಲಿಗೆ ಒಂದೂವರೆ ಬೈಟ್ ಬೇಕು. 1920 × 1080 ಗಾತ್ರದ ಫ್ರೇಮ್ ಸುಮಾರು 3.1 ಎಂಬಿ, 250 ಫ್ರೇಮ್‌ಗೆ ಸುಮಾರು 780 ಎಂಬಿ. ಅದೇ 4ಕೆ ಗಾತ್ರದ 10 ಬಿಟ್ ವಿಡಿಯೋ ಆದರೆ ಒಂದು ಫ್ರೇಮ್ ಸುಮಾರು 25 ಎಂಬಿ, 250ಕ್ಕೆ 6 ಜಿಬಿ ದಾಟುತ್ತದೆ. ಅದರ ಮೇಲೆ, ಗ್ರಾಫಿಕ್ಸ್ ಕಾರ್ಡ್ ಬಿಡಿಸಿದ ಫ್ರೇಮ್‌ಗಳು ಕಾರ್ಡಿನದೇ ಮೆಮೊರಿಯಲ್ಲಿ, ಮೊದಲೇ ಎಣಿಸಿ ಕಾದಿರಿಸಿದ ಕೆಲವೇ ಜಾಗಗಳಲ್ಲಿ ಇರುತ್ತವೆ. ಬೇಕಾದಷ್ಟು ಕಾಲ ಅಲ್ಲಿ ಇಟ್ಟುಕೊಳ್ಳುವಂತಿಲ್ಲ. ಡಿಇಂಟರ್‌ಲೇಸ್ ಮಾಡುವ, ಅಂದರೆ ಸಾಲು ಬಿಟ್ಟು ಸಾಲಾಗಿ ಬರುವ ವಿಡಿಯೋವನ್ನು ಪೂರ್ತಿ ಚಿತ್ರವಾಗಿಸುವ ಫಿಲ್ಟರ್ ನಡೆಯುತ್ತಿದ್ದರೆ ಅದು ಹಿಂದಿನ ಫ್ರೇಮ್‌ಗಳನ್ನು ನೆನಪಿಟ್ಟು ಕೆಲಸ ಮಾಡುತ್ತಿರುತ್ತದೆ, ಹಾಗಾಗಿ ಪ್ರತಿ ಹಿಂದಡಿಗೂ ಅದನ್ನು ಹೊಸದಾಗಿ ಶುರು ಮಾಡಬೇಕು. ಇನ್ನು ಫೈಲ್‌ನಲ್ಲಿ ಇಂಡೆಕ್ಸ್ (ಕೀಫ್ರೇಮ್‌ಗಳು ಎಲ್ಲೆಲ್ಲಿವೆ ಎಂಬ ಪಟ್ಟಿ) ಇಲ್ಲದಿದ್ದರೆ ಕೀಫ್ರೇಮ್ ಎಲ್ಲಿದೆ ಎಂದು ಹುಡುಕುವುದೇ ಒಂದು ಕೆಲಸ. ಟಿವಿಯಿಂದ ಹಿಡಿದಿಟ್ಟ ಟಿಎಸ್ ಫೈಲ್‌ಗಳು ಸಾಮಾನ್ಯವಾಗಿ ಹಾಗೇ ಇರುತ್ತವೆ.

ವಿಎಲ್‌ಸಿಯ ಹುಟ್ಟೂ ಇದಕ್ಕೆ ಸೇರಿಕೊಂಡಿದೆ ಎಂಬುದು ನಮ್ಮ ಅಭಿಪ್ರಾಯ. 1996ರಲ್ಲಿ ಪ್ಯಾರಿಸ್‌ನ ಎಕೋಲ್ ಸೆಂಟ್ರಾಲ್‌ನಲ್ಲಿ ವಿದ್ಯಾರ್ಥಿಗಳ ಯೋಜನೆಯಾಗಿ ಶುರುವಾದಾಗ ಅದರ ಕೆಲಸ ಕ್ಯಾಂಪಸ್ಸಿನ ನೆಟ್‌ವರ್ಕ್‌ನಲ್ಲಿ ಹರಿದುಬರುವ ವಿಡಿಯೋವನ್ನು ತೋರಿಸುವುದು. 2001ರ ಫೆಬ್ರವರಿ 1ರಂದು ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯಡಿ ಹೊರಬಂತು. ಹರಿದುಬರುವ ವಿಡಿಯೋ ಮುಂದಕ್ಕೆ ಮಾತ್ರ ಹೋಗುತ್ತದೆ. ಓದುವ ಭಾಗ, ಬೇರ್ಪಡಿಸುವ ಭಾಗ, ಬಿಡಿಸುವ ಭಾಗ, ತೋರಿಸುವ ಭಾಗ, ಹೀಗೆ ಒಂದರ ಮುಂದೊಂದು ಜೋಡಿಸಿದ ಮಾಡ್ಯೂಲ್‌ಗಳು ಆ ಹರಿವಿಗೆ ಹೇಳಿ ಮಾಡಿಸಿದಂತಿವೆ. ಒಂದು ಫ್ರೇಮ್ ಹಿಂದಕ್ಕೆ ಎಂದರೆ ಅಷ್ಟೂ ಭಾಗಗಳು ಒಟ್ಟಿಗೆ ತಮ್ಮ ದಿಕ್ಕು ಬದಲಿಸಿ ಮಾತಾಡಿಕೊಳ್ಳಬೇಕು.

ಹಾಗೆಂದು ಕೇಳಿದ್ದು ತಪ್ಪಲ್ಲ. ಎಂಪಿವಿಯಲ್ಲಿ ಈ ಸೌಲಭ್ಯ ಇದೆ: ಪೂರ್ಣವಿರಾಮದ ಕೀ ಒತ್ತಿದರೆ ಒಂದು ಫ್ರೇಮ್ ಮುಂದೆ, ಅಲ್ಪವಿರಾಮದ ಕೀ ಒತ್ತಿದರೆ ಒಂದು ಫ್ರೇಮ್ ಹಿಂದೆ. ಮೇಲೆ ಹೇಳಿದ ಪ್ರಯಾಣವನ್ನೇ ಅದು ಪ್ರತಿ ಸಲವೂ ಮಾಡುತ್ತದೆ, ಆದ್ದರಿಂದ ದೊಡ್ಡ ಫೈಲ್‌ನಲ್ಲಿ ನಿಧಾನ. ಈ ನಿಧಾನ ನಮಗೆ ಸಾಕು ಎಂದು ಕೋರಿಕೆಯಲ್ಲೇ ಹೇಳಿದರೆ ಅದರ ತೂಕ ಹೆಚ್ಚುತ್ತದೆ. ಫ್ರೇಮ್ ಮೇಲೆ ಫ್ರೇಮ್ ಸರಾಗವಾಗಿ ಹಿಂದಕ್ಕೆ ಓಡಬೇಕೋ, ಇಲ್ಲ ಅರ್ಧ ಸೆಕೆಂಡು ಕಾದರೂ ಪರವಾಗಿಲ್ಲ ಸರಿಯಾದ ಫ್ರೇಮ್ ಸಿಗಬೇಕೋ? ಇವು ಎರಡು ಬೇರೆ ಬೇರೆ ಸೌಲಭ್ಯಗಳು, ಎರಡನೆಯದು ಮೊದಲನೆಯದಕ್ಕಿಂತ ಎಷ್ಟೋ ಅಗ್ಗ. ‘ರಿವರ್ಸ್ ಬಟನ್ ಕೊಡಿ’ ಎಂಬ ಒಂದು ಸಾಲಿನಿಂದ ಇದರಲ್ಲಿ ಯಾವುದು ಬೇಕು ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಕೇಳುವ ಮೊದಲು ನೋಡಬೇಕಾದದ್ದು, ಆ ಸೌಲಭ್ಯ ಈಗಾಗಲೇ ಇದೆಯೇ ಎಂಬುದನ್ನು. ಬಾಣದ ಕೀ ಒತ್ತಿದಾಗ 10 ಸೆಕೆಂಡಿನ ಬದಲು 5 ಸೆಕೆಂಡು ಹಾರಲಿ ಎನ್ನುವುದು ವಿಎಲ್‌ಸಿಯಲ್ಲಿ ಕೋರಿಕೆಯೇ ಅಲ್ಲ. ಪ್ರಿಫರೆನ್ಸಸ್ ತೆರೆದು (ಕಂಟ್ರೋಲ್ + ಪಿ) ಕೆಳಗಿನ ‘ಶೋ ಸೆಟ್ಟಿಂಗ್ಸ್’ನಲ್ಲಿ ‘ಆಲ್’ ಆರಿಸಿ, ಹಾಟ್‌ಕೀಸ್ ಭಾಗಕ್ಕೆ ಹೋದರೆ ಪ್ರತಿ ಹಾರಿಕೆಯ ಉದ್ದವನ್ನೂ ಬದಲಿಸಬಹುದು. ಒಂದೇ ತುಣುಕನ್ನು ಮತ್ತೆ ಮತ್ತೆ ನೋಡಬೇಕೆಂದರೆ ವ್ಯೂ ಮೆನುವಿನಲ್ಲಿ ‘ಅಡ್ವಾನ್ಸ್ಡ್ ಕಂಟ್ರೋಲ್ಸ್’ ಆನ್ ಮಾಡಿದರೆ ಎ-ಬಿ ಲೂಪ್ ಬಟನ್ ಸಿಗುತ್ತದೆ.

ಸಬ್‌ಟೈಟಲ್ ಹಿಂದುಮುಂದಾಗುವುದೂ ಇಂಥದ್ದೇ. ಶುರುವಿನಿಂದ ಕೊನೆಯವರೆಗೆ ಒಂದೇ ಸಮ ತಡವಾಗಿ ಬರುತ್ತಿದ್ದರೆ ‘ಜಿ’ ಮತ್ತು ‘ಎಚ್’ ಕೀಗಳಿಂದ 50 ಮಿಲಿಸೆಕೆಂಡಿನ ಹೆಜ್ಜೆಯಲ್ಲಿ ಸರಿಪಡಿಸಬಹುದು. ಮೊದಲು ಸರಿಯಿದ್ದು ಬರಬರುತ್ತಾ ತಡವಾದರೆ ಸಾಮಾನ್ಯವಾಗಿ ಕಾರಣ ಬೇರೆ: ಸಬ್‌ಟೈಟಲ್ ಮಾಡಿದ್ದು ಸೆಕೆಂಡಿಗೆ 23.976 ಫ್ರೇಮಿನ ಪ್ರತಿಗೆ, ನಿಮ್ಮ ಹತ್ತಿರ ಇರುವುದು 25ಕ್ಕೆ ವೇಗ ಹೆಚ್ಚಿಸಿದ ಪ್ರತಿ. ಒಂದು ಗಂಟೆಯ ಸಿನಿಮಾ ಅಲ್ಲಿ ಸುಮಾರು ಐವತ್ತೇಳೂವರೆ ನಿಮಿಷಕ್ಕೆ ಮುಗಿಯುತ್ತದೆ. ಆ ಹೊತ್ತಿಗೆ ಸಬ್‌ಟೈಟಲ್ ಸುಮಾರು ಎರಡೂವರೆ ನಿಮಿಷ ಹಿಂದೆ ಬಿದ್ದಿರುತ್ತದೆ. ಟೂಲ್ಸ್ ಮೆನುವಿನ ‘ಟ್ರ್ಯಾಕ್ ಸಿಂಕ್ರನೈಸೇಶನ್’ನಲ್ಲಿ ಸಬ್‌ಟೈಟಲ್ ವೇಗವನ್ನು ಸುಮಾರು 1.043ಕ್ಕೆ ಏರಿಸಿದರೆ ಸರಿಹೋಗುತ್ತದೆ. ಇಷ್ಟೆಲ್ಲ ಇದ್ದೂ ಜನರಿಗೆ ಸಿಗುತ್ತಿಲ್ಲವೆಂದರೆ ಅದೂ ಒಂದು ನಿಜವಾದ ಕೋರಿಕೆಯೇ. ಆದರೆ ಆಗ ಕೇಳಬೇಕಾದದ್ದು ‘ಇದು ಮೆನುವಿನಲ್ಲಿ ಇಂಥ ಕಡೆ ಕಾಣಲಿ’ ಎಂದು, ‘ಇದನ್ನು ಮಾಡಿ’ ಎಂದಲ್ಲ.

ಕನ್ನಡಿಗರಿಗೆ ಹತ್ತಿರದ ಉದಾಹರಣೆ: ‘ಕನ್ನಡ ಸಬ್‌ಟೈಟಲ್ ಸರಿಯಾಗಿ ಬರುವಂತೆ ಮಾಡಿ.’ ಈ ಒಂದು ವಾಕ್ಯದೊಳಗೆ ಕನಿಷ್ಠ ಮೂರು ಬೇರೆ ತೊಂದರೆಗಳಿವೆ. ಪರದೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಬಂದರೆ ಫೈಲ್ ಯೂನಿಕೋಡ್‌ನಲ್ಲಿಲ್ಲ, ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಎಂದರ್ಥ. ಫೈಲನ್ನು ಯೂನಿಕೋಡ್‌ಗೆ ಪರಿವರ್ತಿಸಿ ಯುಟಿಎಫ್-8ರಲ್ಲಿ ಉಳಿಸಬೇಕು, ಪ್ಲೇಯರ್ ಏನೂ ಮಾಡುವಂತಿಲ್ಲ. ಖಾಲಿ ಚೌಕಗಳು ಬಂದರೆ ಆರಿಸಿರುವ ಫಾಂಟ್‌ನಲ್ಲಿ ಕನ್ನಡ ಇಲ್ಲ. ಪ್ರಿಫರೆನ್ಸಸ್‌ನ ‘ಸಬ್‌ಟೈಟಲ್ಸ್/ಒಎಸ್‌ಡಿ’ ಪುಟದಲ್ಲಿ ವಿಂಡೋಸ್ ಆದರೆ ನಿರ್ಮಲಾ ಯುಐ, ಲಿನಕ್ಸ್ ಆದರೆ ನೋಟೋ ಸ್ಯಾನ್ಸ್ ಕನ್ನಡ ಹಾಕಿ ನೋಡಿ. ಅಕ್ಷರಗಳೆಲ್ಲ ಕನ್ನಡದವೇ, ಆದರೆ ಒತ್ತು ಕೆಳಗೆ ಕೂರದೆ, ನಡುವೆ ಹಲಂತದ ಚಿಹ್ನೆ ( ್ ) ಕಾಣಿಸಿಕೊಂಡು ಅಕ್ಷರಗಳು ಪಕ್ಕಪಕ್ಕ ನಿಂತರೆ, ಅದು ಅಕ್ಷರ ಜೋಡಿಸುವ ಹಂತದ ದೋಷ. ಇದು ಪ್ಲೇಯರ್‌ನದೇ ಜವಾಬ್ದಾರಿ. 2018ರ ವಿಎಲ್‌ಸಿ 3.0ರಲ್ಲಿ ಹಾರ್ಫ್‌ಬಜ್ ಎಂಬ ಲೈಬ್ರರಿಯ ಮೂಲಕ ಈ ಜೋಡಣೆ ಸೇರಿತು, ಆರಿಸಿದ ಫಾಂಟ್‌ನಲ್ಲಿ ಅಕ್ಷರ ಇಲ್ಲದಿದ್ದರೆ ಬೇರೆ ಫಾಂಟ್‌ನಿಂದ ತೆಗೆದುಕೊಳ್ಳುವ ವ್ಯವಸ್ಥೆಯೂ ಜೊತೆಗೆ ಬಂತು. ಹಾಗಾಗಿ ಇನ್ನೂ 2.2 ಆವೃತ್ತಿ ಇಟ್ಟುಕೊಂಡಿರುವವರು ಮೊದಲು ಹೊಸದನ್ನು ಹಾಕಿಕೊಳ್ಳಬೇಕು.

ಹೊಸದರಲ್ಲೂ ಒತ್ತಕ್ಷರ ಒಡೆದರೆ ವರದಿ ಮಾಡಲು ಪೂರ್ತಿ ಸಿನಿಮಾದ ಸಬ್‌ಟೈಟಲ್ ಬೇಡ. ನೋಟ್‌ಪ್ಯಾಡ್‌ನಲ್ಲಿ ಹೀಗೆ ಬರೆದು, ಎಸ್ಆರ್‌ಟಿ ಫೈಲ್ ಆಗಿ ಯುಟಿಎಫ್-8ರಲ್ಲಿ ಉಳಿಸಿ:

1
00:00:01,000 --> 00:00:06,000
ಸ್ತ್ರೀ, ರಾಷ್ಟ್ರ, ಲಕ್ಷ್ಮಿ, ಅರ್ಕ

ಎರಡು ಒತ್ತು, ಒತ್ತಿನ ಮೇಲೆ ದೀರ್ಘ, ಕ್ಷದ ಕೆಳಗೆ ಮಒತ್ತು, ಬಲಕ್ಕೆ ಸರಿಯಬೇಕಾದ ಅರ್ಕಾವೊತ್ತು, ಎಲ್ಲ ಈ ಒಂದು ಸಾಲಿನಲ್ಲಿ ಪರೀಕ್ಷೆಯಾಗುತ್ತವೆ. ಪರದೆಯಲ್ಲಿ ಬಂದದ್ದರ ಚಿತ್ರ, ಬರಬೇಕಾದದ್ದರ ಚಿತ್ರ, ಎರಡನ್ನೂ ಪಕ್ಕದಲ್ಲಿಡಿ. ಕನ್ನಡ ಓದಲು ಬಾರದ ಡೆವಲಪರ್‌ಗೆ ‘ತಪ್ಪಾಗಿದೆ’ ಎಂಬ ಮಾತು ಏನನ್ನೂ ತಿಳಿಸುವುದಿಲ್ಲ. ಎರಡು ಚಿತ್ರ ಪಕ್ಕಪಕ್ಕ ಇದ್ದರೆ ತಕ್ಷಣ ಕಾಣುತ್ತದೆ.

ಇನ್ನು ಕೋರಿಕೆ ಬರೆಯುವ ಕ್ರಮ. ಶೀರ್ಷಿಕೆಯಲ್ಲಿ ಕೆಲಸದ ಹೆಸರಿರಲಿ, ಭಾವನೆ ಬೇಡ. ಹಿಂದಡಿಯ ಕೋರಿಕೆಯೇ ಆದರೆ ಹೀಗೆ ಬರೆಯಬಹುದು (ಇಂಗ್ಲಿಷಿನಲ್ಲಿ ಕಳಿಸಬೇಕು, ಮುರುಕು ಇಂಗ್ಲಿಷ್ ಆದರೂ ನಡೆಯುತ್ತದೆ): ‘ವಿಡಿಯೋ ನಿಂತಿರುವಾಗ ಒಂದು ಫ್ರೇಮ್ ಹಿಂದಕ್ಕೆ ಹೋಗುವ ಕೀ. ಸಬ್‌ಟೈಟಲ್‌ಗೆ ಸಮಯ ಕೂರಿಸುವಾಗ ಮಾತು ಶುರುವಾಗುವ ಫ್ರೇಮ್ ಬೇಕು. ಈಗ ಆ ಫ್ರೇಮ್ ದಾಟಿದರೆ ಶಿಫ್ಟ್ ಮತ್ತು ಎಡ ಬಾಣ ಒತ್ತಿ 3 ಸೆಕೆಂಡು ಹಿಂದೆ ಹೋಗಿ, ಮತ್ತೆ ಹತ್ತಾರು ಸಲ ಇ ಒತ್ತುತ್ತೇನೆ. ಹಿಂದಡಿ ನಿಧಾನವಾದರೂ ಆಗುತ್ತದೆ, ಫ್ರೇಮ್ ಮಾತ್ರ ನಿಖರವಾಗಿರಬೇಕು. ಧ್ವನಿ ಬೇಕಿಲ್ಲ. ಕಂಪ್ಯೂಟರ್‌ನಲ್ಲಿರುವ ಫೈಲ್‌ಗೆ ಸಾಕು, ನೆಟ್‌ವರ್ಕ್ ಸ್ಟ್ರೀಮ್‌ಗೆ ಬೇಡ.’ ಇದರಲ್ಲಿ ಬೇಕಾದದ್ದಷ್ಟೇ ಅಲ್ಲ, ಬೇಡವಾದದ್ದೂ ಇದೆ. ಕೊನೆಯ ಎರಡು ವಾಕ್ಯಗಳು ಡೆವಲಪರ್‌ನ ಅರ್ಧ ಕೆಲಸ ಇಳಿಸುತ್ತವೆ.

ಒಂದು ಕೋರಿಕೆಗೆ ಒಂದೇ ಸೌಲಭ್ಯ. ಐದನ್ನು ಪಟ್ಟಿ ಮಾಡಿ ಕಳಿಸಿದರೆ ಒಂದು ಆದರೂ ಆ ಕೋರಿಕೆ ಮುಗಿಯುವುದಿಲ್ಲ, ಯಾರೂ ಅದನ್ನು ಮುಟ್ಟುವುದೂ ಇಲ್ಲ. ಕಳಿಸುವ ಮುನ್ನ ಹಳೆಯ ಕೋರಿಕೆಗಳಲ್ಲಿ ಎರಡು ಮೂರು ಬೇರೆ ಪದ ಹಾಕಿ ಹುಡುಕಿ, ಇದ್ದರೆ ಅಲ್ಲೇ ನಿಮ್ಮ ಬಳಕೆಯ ಸಂದರ್ಭ ಸೇರಿಸಿ. ಬರೀ ‘ನನಗೂ ಬೇಕು’ ಎಂದರೆ ಓದುವವರಿಗೆ ಮಿಂಚಂಚೆಯ ಹೊರೆ ಅಷ್ಟೇ. ನೈಟ್ಲಿ ಬಿಲ್ಡ್, ಅಂದರೆ ಅಭಿವೃದ್ಧಿಯಲ್ಲಿರುವ ಆವೃತ್ತಿಯನ್ನೂ ಹಾಕಿ ನೋಡಿ. ನೀವು ಕೇಳುತ್ತಿರುವುದು ಅಲ್ಲಿ ಬಂದಿರಬಹುದು.

ಬಗ್ ಎಂಬ ಅನುಮಾನ ಇದ್ದರೆ ಲಾಗ್, ಅಂದರೆ ಪ್ಲೇಯರ್ ತಾನು ಮಾಡಿದ್ದನ್ನು ಬರೆದಿಡುವ ದಾಖಲೆ, ಬೇಕು. ವಿಎಲ್‌ಸಿಯಲ್ಲಿ ಕಂಟ್ರೋಲ್ + ಎಂ ಒತ್ತಿ ಮೆಸೇಜಸ್ ಕಿಟಕಿ ತೆರೆಯಿರಿ, ವರ್ಬಾಸಿಟಿಯನ್ನು (ಎಷ್ಟು ವಿವರ ಬರೆಯಬೇಕೆಂಬ ಮಟ್ಟವನ್ನು) 2ಕ್ಕೆ ಇಡಿ, ಆಮೇಲೆ ವಿಡಿಯೋ ಓಡಿಸಿ ತೊಂದರೆ ಬರುವಂತೆ ಮಾಡಿ ಉಳಿಸಿ. ಮೊದಲು ಓಡಿಸಿ ಆಮೇಲೆ ವರ್ಬಾಸಿಟಿ ಏರಿಸಿದರೆ ಬೇಕಾದ ಸಾಲುಗಳೇ ಇರುವುದಿಲ್ಲ. ಲಾಗ್‌ನಲ್ಲಿ ನಿಮ್ಮ ಫೋಲ್ಡರ್‌ಗಳ ಹೆಸರು ಇರುತ್ತದೆ, ಕಳಿಸುವ ಮೊದಲು ಕಣ್ಣಾಡಿಸಿ. ಎಂಪಿವಿಯಲ್ಲಾದರೆ ಕಮಾಂಡ್ ಸಾಲಿನಲ್ಲಿ ಲಾಗ್-ಫೈಲ್ ಆಯ್ಕೆ ಕೊಡಬೇಕು. ನಿಮ್ಮದೇ ಕಾನ್ಫಿಗ್‌ನಿಂದ, ಅಂದರೆ ನೀವು ಬದಲಿಸಿಟ್ಟ ಸೆಟ್ಟಿಂಗ್‌ಗಳಿಂದ, ತೊಂದರೆಯಾಗಿಲ್ಲ ಎಂದು ಖಚಿತಪಡಿಸಿಕೊಳ್ಳಲು ನೋ-ಕಾನ್ಫಿಗ್ ಆಯ್ಕೆಯೊಂದಿಗೆ ಇನ್ನೊಮ್ಮೆ ಓಡಿಸಿ.

ಮಾದರಿ ವಿಡಿಯೋ ಕಳಿಸುವಾಗ ಹೆಚ್ಚಿನವರು ಎಡವುವುದು ಇಲ್ಲಿ: ಫೈಲ್ ದೊಡ್ಡದು ಎಂದು ಯಾವುದೋ ಕನ್ವರ್ಟರ್‌ನಲ್ಲಿ ಚಿಕ್ಕದು ಮಾಡುತ್ತಾರೆ, ಅಥವಾ ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೋ ಆಗಿ ಕಳಿಸಿ ಅದನ್ನೇ ತೆಗೆದುಕೊಳ್ಳುತ್ತಾರೆ. ಎರಡರಲ್ಲೂ ವಿಡಿಯೋ ಮರು ಎನ್‌ಕೋಡ್ ಆಗುತ್ತದೆ, ತೊಂದರೆ ಕೊಡುತ್ತಿದ್ದ ಭಾಗವೇ ಅಳಿಸಿಹೋಗುತ್ತದೆ. ಎಫ್‌ಎಫ್‌ಎಂಪೆಗ್ ಎಂಬ ಕಮಾಂಡ್ ಸಾಲಿನ ವಿಡಿಯೋ ಸಾಧನದಲ್ಲಿ ಕೋಡೆಕ್ (ವಿಡಿಯೋ ಕುಗ್ಗಿಸುವ ಬಗೆ) ಜಾಗದಲ್ಲಿ ‘ಕಾಪಿ’ ಕೊಟ್ಟು 10-20 ಸೆಕೆಂಡಿನ ತುಣುಕು ಕತ್ತರಿಸಿ, ಆ ತುಣುಕಿನಲ್ಲೂ ತೊಂದರೆ ಬರುತ್ತದೆಯೇ ಎಂದು ಒಮ್ಮೆ ಓಡಿಸಿ ನೋಡಿ. ಕಂಟ್ರೋಲ್ + ಜೆ ಒತ್ತಿದರೆ ಬರುವ ಕೋಡೆಕ್ ಮಾಹಿತಿಯನ್ನೂ ಜೊತೆಗಿಡಿ.

ಒಪ್ಪಿಗೆಯಾಗದ ಕೋರಿಕೆಗಳಲ್ಲಿ ಬಹಳಷ್ಟು ಕೆಟ್ಟವಲ್ಲ. ‘ಆಯ್ಕೆಯಾಗಿ ಇಡಿ, ಬೇಡದವರು ಆಫ್ ಮಾಡಿಕೊಳ್ಳಲಿ’ ಎಂಬ ಮಾತು ನ್ಯಾಯವಾಗಿ ಕೇಳಿಸುತ್ತದೆ. ಆದರೆ ಆನ್-ಆಫ್ ಆಯ್ಕೆ ಹತ್ತಾದರೆ ಅವುಗಳ ಜೋಡಣೆ 1024 ಬಗೆ, ಎಲ್ಲವನ್ನೂ ಪರೀಕ್ಷಿಸುವವರು ಯಾರು? ಅದಕ್ಕೇ ಎರಡೂ ಪ್ಲೇಯರ್‌ಗಳು ಇನ್ನೊಂದು ದಾರಿ ಇಟ್ಟಿವೆ. ವಿಎಲ್‌ಸಿಗೆ ಲುವಾ ಭಾಷೆಯಲ್ಲಿ ಎಕ್ಸ್‌ಟೆನ್ಶನ್ ಬರೆಯಬಹುದು, ಎಂಪಿವಿಗೆ ಲುವಾ ಅಥವಾ ಜಾವಾಸ್ಕ್ರಿಪ್ಟ್‌ನಲ್ಲಿ ಸ್ಕ್ರಿಪ್ಟ್ ಬರೆಯಬಹುದು. ವಿಂಡೋಸ್‌ನಲ್ಲಿ ಆ್ಯಪ್‌ಡೇಟಾ ಫೋಲ್ಡರಿನ ವಿಎಲ್‌ಸಿ, ಲುವಾ, ಎಕ್ಸ್‌ಟೆನ್ಶನ್ಸ್ ಎಂಬ ಒಳಫೋಲ್ಡರ್‌ಗೆ ಫೈಲ್ ಹಾಕಿ ವಿಎಲ್‌ಸಿ ಮತ್ತೆ ತೆರೆದರೆ ವ್ಯೂ ಮೆನುವಿನಲ್ಲಿ ಅದರ ಹೆಸರು ಕಾಣುತ್ತದೆ. ನಿಮ್ಮ ಕೋರಿಕೆಗೆ ‘ಸ್ಕ್ರಿಪ್ಟ್‌ನಲ್ಲಿ ಮಾಡಬಹುದು’ ಎಂಬ ಉತ್ತರ ಬಂದರೆ ಅದನ್ನು ತಳ್ಳಿಹಾಕಿದ ಮಾತಾಗಿ ಓದಬೇಡಿ. ‘ಸ್ಕ್ರಿಪ್ಟ್‌ಗೆ ಇಂಥ ಮಾಹಿತಿ ಸಿಗುತ್ತಿಲ್ಲ, ಅದನ್ನು ಒದಗಿಸಿ’ ಎಂದು ಮರಳಿ ಕೇಳಿ. ಪ್ಲೇಯರ್‌ನ ಒಳಗೆ ಅಷ್ಟು ಚಿಕ್ಕ ಬದಲಾವಣೆ ಒಪ್ಪಿಗೆಯಾಗುವ ಸಾಧ್ಯತೆ ದೊಡ್ಡ ಸೌಲಭ್ಯಕ್ಕಿಂತ ಹೆಚ್ಚು, ಅದು ಬಂದ ಮೇಲೆ ಉಳಿದದ್ದನ್ನು ಸ್ಕ್ರಿಪ್ಟ್ ಬರೆಯಬಲ್ಲ ಯಾರಾದರೂ ಮುಗಿಸಬಹುದು.