ಜೋಹಾನ್ಸ್‌ಬರ್ಗ್ ಕೆಳಗಿನ ಚಿನ್ನ ಇಷ್ಟು ವರ್ಷ ಉಳಿದದ್ದು ಹೇಗೆ?

2025ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದ ಸ್ಟಿಲ್‌ಫಾಂಟೈನ್ ಊರಿನ ಹತ್ತಿರ ಮುಚ್ಚಿಹೋದ ಒಂದು ಚಿನ್ನದ ಗಣಿಗೆ ಕಬ್ಬಿಣದ ಪಂಜರ ಇಳಿಸಿದರು. ಸುಮಾರು ಎರಡು ಕಿಲೋಮೀಟರ್ ಆಳದಿಂದ 246 ಜನ ಜೀವಂತವಾಗಿ ಮೇಲೆ ಬಂದರು. 78 ಹೆಣಗಳೂ ಬಂದವು. ಪೊಲೀಸರು ತಿಂಗಳುಗಟ್ಟಲೆ ಗಣಿಯ ಬಾಯಿ ಕಾಯ್ದಿದ್ದರು, ಕೆಳಗಿರುವವರು ತಾವಾಗಿಯೇ ಹತ್ತಿ ಬರಲಿ ಅಂತ ಊಟ ನೀರು ಇಳಿಯದಂತೆ ಬಿಗಿ ಮಾಡಿದ್ದರು. ಒಳಗಿದ್ದವರು ಯಾವ ಕಂಪನಿಯ ನೌಕರರೂ ಅಲ್ಲ. ಮೊಜಾಂಬಿಕ್, ಜಿಂಬಾಬ್ವೆ, ಲೆಸೋಥೊದಿಂದ ಬಂದು, ಕಂಪನಿ ಬಿಟ್ಟುಹೋದ ಸುರಂಗಗಳಲ್ಲಿ ಅಳಿದುಳಿದ ಚಿನ್ನ ಕೆದಕುವ ಬಡವರೇ ಹೆಚ್ಚು. ಅಲ್ಲಿನವರು ಇವರನ್ನು ಜಾಮಾ ಜಾಮಾ ಅಂತಾರೆ. ಬಿಡದೆ ಪ್ರಯತ್ನ ಮಾಡುವವರು ಅಂತ ಅರ್ಥ.

ಆ ಸುದ್ದಿ ಓದಿದಾಗಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಅಷ್ಟು ಆಳದಲ್ಲಿ ಅಷ್ಟೊಂದು ಚಿನ್ನ ಬಂದು ಕೂತಿದ್ದು ಹೇಗೆ? ಚಿನ್ನ ಒಂದೇ ಅಲ್ಲ. ವಜ್ರ, ಪ್ಲಾಟಿನಂ, ಕ್ರೋಮಿಯಂ, ಮ್ಯಾಂಗನೀಸ್, ಕಬ್ಬಿಣ, ಎಲ್ಲವೂ ಆ ಒಂದೇ ನೆಲದಲ್ಲಿವೆ. ಭೂಮಿ ಅಲ್ಲಿಗೆ ಮಾತ್ರ ಕೈಬಿಚ್ಚಿ ಕೊಟ್ಟಿತು ಅಂತ ಅನ್ನಿಸುತ್ತದೆ, ಅಲ್ವಾ? ಆದರೆ ನನಗೆ ಕಾಣುವುದು ಬೇರೆ. ಬೇರೆ ಕಡೆ ಸವೆದು, ಕರಗಿ, ಕೊಚ್ಚಿಹೋದದ್ದು ಇಲ್ಲಿ ಹಾಗೇ ಉಳಿದಿದೆ. ಈ ನೆಲ ಪಡೆದದ್ದಕ್ಕಿಂತ ಕಾಪಾಡಿಕೊಂಡದ್ದೇ ಜಾಸ್ತಿ.

ಈ ನೆಲದ ಹೆಸರು ಕಾಪ್‌ವಾಲ್ ಕ್ರೇಟಾನ್. ಕ್ರೇಟಾನ್ ಅಂದರೆ ಖಂಡದ ಅತಿ ಹಳೆಯ, ಗಟ್ಟಿಯಾದ ತುಂಡು, ಒಂಥರಾ ಅಡಿಪಾಯ. ಅದರ ಸುತ್ತ ಹೊಸ ನೆಲ ಬಂದು ಅಂಟಿಕೊಳ್ಳುತ್ತದೆ, ಬೆಟ್ಟಗಳು ಏಳುತ್ತವೆ, ಸಮುದ್ರಗಳು ತೆರೆದು ಮುಚ್ಚುತ್ತವೆ, ಇದು ಮಾತ್ರ ಅಲ್ಲಾಡುವುದಿಲ್ಲ. ನಮ್ಮ ಕರ್ನಾಟಕ ನಿಂತಿರುವುದೂ ಇಂಥದ್ದೇ ತುಂಡಿನ ಮೇಲೆ, ಅದಕ್ಕೆ ಧಾರವಾಡ ಕ್ರೇಟಾನ್ ಅಂತ ಹೆಸರು. ಕಾಪ್‌ವಾಲ್ ಸುಮಾರು 12 ಲಕ್ಷ ಚದರ ಕಿಲೋಮೀಟರ್ ಅಗಲ ಇದೆ. ಉತ್ತರ ಮತ್ತು ಪೂರ್ವ ದಕ್ಷಿಣ ಆಫ್ರಿಕಾದ ಬಹುಭಾಗ, ಲೆಸೋಥೊ, ಎಸ್ವಾಟಿನಿ, ಬೋಟ್ಸ್ವಾನದ ಒಂದಿಷ್ಟು ನೆಲ ಇದರ ಮೇಲಿದೆ. 360 ಕೋಟಿ ವರ್ಷದ ಹಿಂದೆ ಕೂಡಿಕೊಳ್ಳಲು ಶುರುವಾದದ್ದು, 270 ಕೋಟಿ ವರ್ಷದ ಹಿಂದಿನ ಹೊತ್ತಿಗೆ ಗಟ್ಟಿಯಾಗಿ ನಿಂತಿತ್ತು.

ಇದರ ಗುಟ್ಟು ಬೇರಿನಲ್ಲಿದೆ. ಕ್ರೇಟಾನ್ ಕೆಳಗೆ 200 ಕಿಲೋಮೀಟರ್‌ಗೂ ಆಳಕ್ಕೆ ಇಳಿದ ಗಟ್ಟಿ ಕಲ್ಲಿನ ಬೇರು ಇದೆ. ಭೂಮಿ ಇನ್ನೂ ತುಂಬಾ ಬಿಸಿ ಇದ್ದ ಕಾಲದಲ್ಲಿ ಆ ಕಲ್ಲಿನಿಂದ ಕರಗುವುದೆಲ್ಲ ಕರಗಿ ಲಾವಾ ಆಗಿ ಹೊರಗೆ ಹೋಯಿತು, ಉಳಿದದ್ದು ಹಗುರವಾದ, ಸುಲಭವಾಗಿ ಮತ್ತೆ ಕರಗದ ಕಲ್ಲು. ಹಗುರ ಆದ್ದರಿಂದ ಮುಳುಗುವುದಿಲ್ಲ, ಗಡಸು ಆದ್ದರಿಂದ ಹರಿಯುವುದಿಲ್ಲ. ಮೇಲಿರುವ ನೆಲವನ್ನು ಅದು ಇಷ್ಟು ಕೋಟಿ ವರ್ಷ ಹೊತ್ತುಕೊಂಡಿದೆ.

ಹಳೆಯ ಪುಟಗಳನ್ನು ನೋಡಬೇಕು ಅಂದರೆ ಎಸ್ವಾಟಿನಿ ಗಡಿಯ ಬಾರ್ಬರ್ಟನ್‌ಗೆ ಹೋಗಬೇಕು. ಅಲ್ಲಿನ ಮಖೊಂಜ್ವಾ ಬೆಟ್ಟಗಳ ಕಲ್ಲುಗಳಿಗೆ 325ರಿಂದ 360 ಕೋಟಿ ವರ್ಷ ವಯಸ್ಸು. ಅಲ್ಲೇ ಹರಿಯುವ ಕೊಮಾಟಿ ನದಿಯ ದಂಡೆಯ ಒಂದು ವಿಚಿತ್ರ ಲಾವಾ ಕಲ್ಲನ್ನು ವಿಲ್ಯೂನ್ ಸಹೋದರರು 1969ರಲ್ಲಿ ಗುರುತಿಸಿ ಕೊಮಾಟಿಯೈಟ್ ಅಂತ ಹೆಸರಿಟ್ಟರು. ಇವತ್ತು ಹವಾಯಿಯಲ್ಲಿ ಉಕ್ಕುವ ಲಾವಾ ಸುಮಾರು 1200 ಡಿಗ್ರಿ ಬಿಸಿ, ಕೊಮಾಟಿಯೈಟ್ ಉಕ್ಕಿದ್ದು ಸುಮಾರು 1600 ಡಿಗ್ರಿಯಲ್ಲಿ. ಈಗ ಭೂಮಿಯ ಹೊಟ್ಟೆಯಲ್ಲಿ ಅಂಥ ಲಾವಾ ಕಾಯಿಸುವಷ್ಟು ಶಾಖ ಉಳಿದಿಲ್ಲ. ಭೂಮಿಯ ಎಳೆತನವನ್ನು ಕೈಯಲ್ಲಿ ಮುಟ್ಟಿ ನೋಡಬಹುದಾದ ಜಾಗಗಳು ಬಹಳ ಕಡಿಮೆ, ಅದಕ್ಕೇ 2018ರಲ್ಲಿ ಯುನೆಸ್ಕೊ ಈ ಬೆಟ್ಟಗಳನ್ನು ವಿಶ್ವ ಪರಂಪರೆ ತಾಣ ಮಾಡಿತು. ಚಿನ್ನ ಇಲ್ಲೂ ಸಿಗುತ್ತದೆ, ನಮ್ಮ ಕೋಲಾರದ ಹಾಗೆ ಹಸಿರುಕಲ್ಲಿನ ಪಟ್ಟಿಯಲ್ಲಿ, ಅಂದರೆ ಹಳೆಯ ಲಾವಾ ಮಾರ್ಪಟ್ಟು ಹಸಿರಾದ ಕಲ್ಲಿನಲ್ಲಿ. ಆದರೆ ಜಗತ್ತನ್ನೇ ತಿರುಗಿಸಿದ ಚಿನ್ನ ಇದಲ್ಲ.

ಅದು ಇರುವುದು ಜೋಹಾನ್ಸ್‌ಬರ್ಗ್ ಸುತ್ತಲಿನ ವಿಟ್‌ವಾಟರ್ಸ್‌ರ್ಯಾಂಡ್‌ನಲ್ಲಿ. ಸುಮಾರು 297ರಿಂದ 271 ಕೋಟಿ ವರ್ಷದ ಹಿಂದೆ ಕ್ರೇಟಾನ್ ನಡುವೆ ಒಂದು ದೊಡ್ಡ ತಗ್ಗು ಇತ್ತು. ಸುತ್ತಲಿನ ಎತ್ತರದಿಂದ ನದಿಗಳು ಹರಿದು ಬಂದು ಅಲ್ಲಿ ಮರಳು, ಬೆಣಚುಕಲ್ಲಿನ ಹರಳು ಸುರಿಯುತ್ತಿದ್ದವು. ಗಿಡವಿಲ್ಲ, ಹುಲ್ಲಿಲ್ಲ, ಮಣ್ಣು ಹಿಡಿಯುವ ಒಂದು ಬೇರೂ ಇಲ್ಲದ ಬೋಳು ನೆಲದ ಮೇಲೆ ನೀರು ಹೇಗೆ ಹರಡಿಕೊಂಡು ಹರಿದಿರಬೇಕು, ಸುಮ್ನೆ ಊಹಿಸಿ ನೋಡಿ. ಮೊರದಲ್ಲಿ ಕೇರುವಾಗ ಹೊಟ್ಟು ಹಾರಿ ಕಾಳು ಉಳಿಯುವ ಹಾಗೆ, ಹಗುರವಾದ ಮರಳು ಮುಂದೆ ಹೋಯಿತು, ಭಾರದ ಚಿನ್ನ ಹರಳುಗಳ ಸಂದಿಯಲ್ಲಿ ನಿಂತಿತು. ಕಾಲ ಕಳೆದಂತೆ ಇದೆಲ್ಲ ಬೆಸೆದು ಕಲ್ಲಾಯಿತು. ಅದನ್ನು ಮೊದಲು ಕಂಡ ಡಚ್ ಮೂಲದ ಜನ ತಮ್ಮ ಬಾದಾಮಿ ಸಿಹಿಯ ಹೆಸರನ್ನೇ ಇಟ್ಟು ಬ್ಯಾಂಕೆಟ್ ಅಂದರು. ನಮ್ಮವರು ನೋಡಿದ್ದರೆ ಕಡಲೆ ಚಿಕ್ಕಿ ಅನ್ನುತ್ತಿದ್ದರೇನೋ.

ಈ ಕಲ್ಲಿನಲ್ಲಿ ಚಿನ್ನದ ಜೊತೆ ಇನ್ನೂ ಎರಡು ಇವೆ, ಪೈರೈಟ್ ಮತ್ತು ಯುರೇನಿಯಂ ಅದಿರು. ಅವೂ ಎಷ್ಟೋ ಕಡೆ ನದಿಯಲ್ಲಿ ಉರುಳಿ ಗುಂಡಗಾದ ಕಾಳುಗಳು. ಇದು ಸಣ್ಣ ವಿಷಯ ಅಲ್ಲ. ಪೈರೈಟ್ ಅಂದರೆ ಕಬ್ಬಿಣ ಮತ್ತು ಗಂಧಕ ಸೇರಿದ ಹಳದಿ ಹೊಳಪಿನ ಖನಿಜ, ಈಗಿನ ನದಿಗೆ ಬಿದ್ದರೆ ಗಾಳಿ ಸೋಕಿ ತುಕ್ಕು ಹಿಡಿದು ಹಾಳಾಗುತ್ತದೆ. ಆಗ ಹಾಳಾಗಲಿಲ್ಲ, ಯಾಕೆಂದರೆ ಗಾಳಿಯಲ್ಲಿ ಆಮ್ಲಜನಕವೇ ಇರಲಿಲ್ಲ ಅನ್ನಬಹುದು, ಅಷ್ಟು ಕಡಿಮೆ. ಈ ಪೈರೈಟ್ ನೆನಪಿನಲ್ಲಿರಲಿ, ಕೊನೆಗೆ ಮತ್ತೆ ಬರುತ್ತದೆ.

ಚಿನ್ನ ನದಿಯಿಂದಲೇ ಬಂದದ್ದೋ, ಆಮೇಲೆ ಬಿಸಿನೀರಿನ ಜೊತೆ ಕಲ್ಲಿನ ಬಿರುಕುಗಳಲ್ಲಿ ಸೇರಿದ್ದೋ ಅಂತ ನೂರು ವರ್ಷಕ್ಕೂ ಮೀರಿ ಜಗಳ ನಡೆದಿದೆ. ನದಿ ತಂದದ್ದು, ಆಮೇಲೆ ಬಿಸಿನೀರು ಅದನ್ನು ಇದ್ದಲ್ಲೇ ಒಂದಿಷ್ಟು ಕರಗಿಸಿ ಮತ್ತೆ ಕೂರಿಸಿತು ಅನ್ನುವ ನಡುವಿನ ಮಾತನ್ನು ಇವತ್ತು ಬಹಳ ಜನ ಒಪ್ಪುತ್ತಾರೆ. ನನಗೂ ಅದೇ ಸರಿ ಕಾಣುತ್ತದೆ.

ಇನ್ನು ಈ ಚಿನ್ನ ಉಳಿದುಕೊಂಡ ಕಥೆ. ನದಿ ತಂದ ಚಿನ್ನ ಜಗತ್ತಿನ ಎಷ್ಟೋ ಕಡೆ ಇದ್ದಿರಬಹುದು, ಬೆಟ್ಟಗಳು ಎದ್ದು ಸವೆದಾಗ ಅದೂ ಸಮುದ್ರ ಸೇರಿತು. ಇಲ್ಲಿ ಮೊದಲು, 270 ಕೋಟಿ ವರ್ಷದ ಆಸುಪಾಸಿನಲ್ಲಿ, ವೆಂಟರ್ಸ್‌ಡಾರ್ಪ್ ಲಾವಾ ಉಕ್ಕಿ ಎಲ್ಲವನ್ನೂ ಮುಚ್ಚಿತು. ಅದರ ಮೇಲೆ ಸಮುದ್ರ ಬಂದು ಸುಣ್ಣದಂಥ ಕಲ್ಲು, ಕಬ್ಬಿಣದ ಪಟ್ಟಿ, ಮ್ಯಾಂಗನೀಸ್ ಎಲ್ಲ ಪದರ ಪದರವಾಗಿ ಹಾಸಿತು. ಸಿಶೆನ್ ಗಣಿಯ ಕಬ್ಬಿಣ, ಕಲಹಾರಿಯ ಮ್ಯಾಂಗನೀಸ್ ಆ ಕಾಲದ್ದು, ನೆಲದ ಮೇಲೆ ಗೊತ್ತಿರುವ ಮ್ಯಾಂಗನೀಸ್‌ನಲ್ಲಿ ಬಹುಪಾಲು ಆ ಒಂದೇ ಕಡೆ ಇದೆ.

ಆಮೇಲೆ 202 ಕೋಟಿ ವರ್ಷದ ಹಿಂದೆ ಆಕಾಶದಿಂದ ಒಂದು ಬಂಡೆ ಬಿತ್ತು. ಹತ್ತು ಕಿಲೋಮೀಟರ್‌ಗೂ ದೊಡ್ಡ ಬಂಡೆ. ಈಗಿನ ಜೋಹಾನ್ಸ್‌ಬರ್ಗ್‌ನಿಂದ ನೈಋತ್ಯಕ್ಕೆ ನೂರು ಚಿಲ್ಲರೆ ಕಿಲೋಮೀಟರ್ ದೂರದ ವ್ರೆಡೆಫೋರ್ಟ್‌ನಲ್ಲಿ. ಮೊದಲಿಗೆ ಆ ಕುಳಿಯ ಅಗಲ 250ರಿಂದ 300 ಕಿಲೋಮೀಟರ್ ಇದ್ದಿರಬೇಕು ಅಂತ ಲೆಕ್ಕ, ಭೂಮಿಯ ಮೇಲೆ ಖಚಿತವಾಗಿ ಗುರುತಿಸಿರುವ ಅತಿ ದೊಡ್ಡ ಕುಳಿ ಇದೇ. ಆ ಹೊಡೆತಕ್ಕೆ ನಡುವಿನ ನೆಲ ಉಬ್ಬಿ ನಿಂತಿತು, ಚಿನ್ನದ ಪದರಗಳು ಸುತ್ತ ಮಡಚಿಕೊಂಡು ಕೆಳಕ್ಕೆ ಕುಸಿದವು, ಮೇಲೆ ಒಡೆದ ಕಲ್ಲಿನ ರಾಶಿ ಬಿತ್ತು. ಅಂಥ ದುರಂತವೇ ಚಿನ್ನಕ್ಕೆ ರಕ್ಷೆ ಆಯಿತು. ಅಷ್ಟು ಆಳಕ್ಕೆ ಇಳಿಯದಿದ್ದರೆ ಇದರಲ್ಲಿ ಬಹಳಷ್ಟು ಮಳೆಗೆ, ಗಾಳಿಗೆ ಸವೆದು ಹೋಗಿರುತ್ತಿತ್ತು.

ಈ ಬಂಡೆ ಬೀಳುವ ಮುಂಚೆಯೇ, 205 ಕೋಟಿ ವರ್ಷದ ಹಿಂದೆ, ಉತ್ತರದಲ್ಲಿ ಬುಷ್‌ವೆಲ್ಡ್ ಅನ್ನುವ ದೊಡ್ಡ ಕಲ್ಲಿನ ರಾಶಿ ಆಗಿತ್ತು. ಕೆಳಗಿನಿಂದ ಬಂದ ಕರಗಿದ ಕಲ್ಲು ಮೇಲೆ ಉಕ್ಕದೆ ನೆಲದೊಳಗೇ ಹರಡಿ, ಏಳೆಂಟು ಕಿಲೋಮೀಟರ್ ದಪ್ಪಕ್ಕೆ ನಿಂತು, ನಿಧಾನವಾಗಿ ತಣ್ಣಗಾಯಿತು. ಪಾಯಸ ಆರುವಾಗ ದ್ರಾಕ್ಷಿ ಗೋಡಂಬಿ ತಳ ಸೇರುವ ಹಾಗೆ ಭಾರದ ಹರಳುಗಳು ಪದರ ಪದರವಾಗಿ ಕೂತವು. ಕಪ್ಪು ಪದರದಲ್ಲಿ ಕ್ರೋಮಿಯಂ, ಒಂದು ಮೀಟರ್ ಕೂಡ ದಪ್ಪ ಇಲ್ಲದ ಪದರಗಳಲ್ಲಿ ಪ್ಲಾಟಿನಂ. ಜಗತ್ತಿನ ಪ್ಲಾಟಿನಂನಲ್ಲಿ ಸುಮಾರು ಮುಕ್ಕಾಲು ಪಾಲು ಇಲ್ಲಿಂದ ಬರುತ್ತದೆ.

ವಜ್ರಕ್ಕೆ ಮತ್ತೆ ಬೇರಿನ ಹತ್ತಿರ ಹೋಗಬೇಕು. 150 ಕಿಲೋಮೀಟರ್‌ಗಿಂತ ಕೆಳಗೆ ಒತ್ತಡ ಜಾಸ್ತಿ, ಆದರೆ ಕ್ರೇಟಾನ್ ಬೇರು ತಣ್ಣಗೆ ಇರುವುದರಿಂದ ಅಲ್ಲಿ ಇಂಗಾಲ ವಜ್ರವಾಗಿ ನಿಲ್ಲಬಲ್ಲದು. ಕಿಂಬರ್ಲಿಯ ಕೆಲವು ವಜ್ರಗಳ ಒಳಗೆ ಸಿಕ್ಕಿಬಿದ್ದ ಖನಿಜದ ಚೂರುಗಳ ವಯಸ್ಸು 300 ಕೋಟಿ ವರ್ಷಕ್ಕೂ ಹೆಚ್ಚು. ಅವನ್ನು ಮೇಲೆ ತಂದ ಕಿಂಬರ್ಲೈಟ್ ಜ್ವಾಲಾಮುಖಿ ಸಿಡಿದದ್ದು ಬರೀ 9 ಕೋಟಿ ವರ್ಷದ ಹಿಂದೆ, ಡೈನೊಸಾರ್‌ಗಳ ಕಾಲದಲ್ಲಿ. ಅಂದರೆ ವಜ್ರ ಸುಮಾರು ಮುನ್ನೂರು ಕೋಟಿ ವರ್ಷ ಬೇರಿನಲ್ಲೇ ಕಾದಿತ್ತು.

ಇಲ್ಲಿಗೆ ಕಲ್ಲಿನ ಕಥೆ ಮುಗಿದು ಮನುಷ್ಯರ ಕಥೆ ಶುರು. 1867ರ ಹೊತ್ತಿಗೆ ಹೋಪ್‌ಟೌನ್ ಹತ್ತಿರ ಒಬ್ಬ ಹುಡುಗ ಆಟಕ್ಕೆ ಎತ್ತಿಕೊಂಡ ಹೊಳೆಯುವ ಕಲ್ಲು ವಜ್ರ ಅಂತ ಗೊತ್ತಾಯಿತು. 1871ರಿಂದ 1914ರವರೆಗೆ ಕಿಂಬರ್ಲಿಯಲ್ಲಿ ಗುದ್ದಲಿ, ಹಾರೆ ಹಿಡಿದು ಜನ 240 ಮೀಟರ್ ಆಳದ ಗುಂಡಿ ತೋಡಿದರು, 2700 ಕಿಲೋಗ್ರಾಂಗೂ ಮೇಲೆ ವಜ್ರ ತೆಗೆದರು. 1886ರಲ್ಲಿ ಲಾಂಗ್ಲಾಗ್ಟೆ ಅನ್ನುವ ಹೊಲದಲ್ಲಿ ಚಿನ್ನದ ಪದರ ಕಂಡಿತು, ಖಾಲಿ ಬಯಲಿನಲ್ಲಿ ಜೋಹಾನ್ಸ್‌ಬರ್ಗ್ ಹುಟ್ಟಿತು.

ಆ ಚಿನ್ನದ ಸ್ವಭಾವವೇ ಮುಂದಿನ ನೂರು ವರ್ಷವನ್ನು ಬರೆಯಿತು ಅಂತ ನಾನು ಹೇಳುತ್ತೇನೆ. ಪದರ ನೂರಾರು ಕಿಲೋಮೀಟರ್ ಹಬ್ಬಿದೆ, ಆದರೆ ತೆಳು, ಒಂದು ಟನ್ ಕಲ್ಲು ಅರೆದರೆ ಸಿಗುವುದು ಕೆಲವೇ ಗ್ರಾಂ. ಹೋದಷ್ಟೂ ಆಳಕ್ಕೆ ಇಳಿಯುತ್ತದೆ. ಒಬ್ಬಿಬ್ಬರು ತೊಟ್ಟಿ ಹಿಡಿದು ತೊಳೆಯುವ ಚಿನ್ನ ಅಲ್ಲ ಇದು, ಯಂತ್ರ ಬೇಕು, ಅರೆದ ಕಲ್ಲಿನಿಂದ ಚಿನ್ನ ಬೇರ್ಪಡಿಸಲು ಸೈನೈಡ್ ಬೇಕು, ದೊಡ್ಡ ಬಂಡವಾಳ ಬೇಕು. ಚಿನ್ನದ ಬೆಲೆ ಆಗ ಸರ್ಕಾರಗಳು ನಿಗದಿ ಮಾಡಿದ್ದು, ಗಣಿಯವರು ಏರಿಸುವಂತಿರಲಿಲ್ಲ. ಹಾಗಾದರೆ ಲಾಭ ಎಲ್ಲಿಂದ? ಕೂಲಿಯಿಂದ. ಗುಡಿಸಲಿಗೆ ತೆರಿಗೆ ಹಾಕಿ, ಜಮೀನು ಕಿತ್ತುಕೊಂಡು, ಹಳ್ಳಿಗಳ ಗಂಡಸರು ಗಣಿಗೆ ಬರಲೇಬೇಕು ಅನ್ನುವ ಸ್ಥಿತಿ ತಂದರು. ಮೊಜಾಂಬಿಕ್, ಲೆಸೋಥೊ, ಮಲಾವಿಯಿಂದಲೂ ಕರೆತಂದು ಬೇಲಿ ಹಾಕಿದ ವಠಾರಗಳಲ್ಲಿ ಇಟ್ಟರು. 1911ರಿಂದ 1969ರವರೆಗೆ, ಬೆಲೆ ಏರಿಕೆ ಕಳೆದು ಲೆಕ್ಕ ಹಾಕಿದರೆ, ಕಪ್ಪು ಗಣಿ ಕಾರ್ಮಿಕರ ಕೂಲಿ ಒಂದಿಷ್ಟೂ ಏರಿರಲಿಲ್ಲ. ಅದೇ ಹೊತ್ತಿಗೆ, 1970ರಲ್ಲಿ, ಆ ದೇಶ ಒಂದೇ ವರ್ಷಕ್ಕೆ 1000 ಟನ್ ಚಿನ್ನ ತೆಗೆಯಿತು. ಕೋಲಾರದ ಗಣಿಗಳು 120 ವರ್ಷದಲ್ಲಿ ಒಟ್ಟು ಕೊಟ್ಟದ್ದು ಸುಮಾರು 800 ಟನ್.

ಬೆಣಚುಕಲ್ಲು ಒಡೆದಾಗ ಏಳುವ ದೂಳು ಪುಪ್ಪಸದಲ್ಲಿ ಕೂತರೆ ಹೊರಗೆ ಬರುವುದಿಲ್ಲ. ಸಿಲಿಕೋಸಿಸ್ ಅಂತಾರೆ. ಚಿನ್ನವನ್ನು ಹಿಡಿದಿಟ್ಟ ಅದೇ ಹರಳುಗಳ ದೂಳು ಅದು. ಇದಕ್ಕಾಗಿ ಕಾರ್ಮಿಕರು ಹೂಡಿದ ಮೊಕದ್ದಮೆಯಲ್ಲಿ ಸುಮಾರು 500 ಕೋಟಿ ರ್ಯಾಂಡ್ (ಅಲ್ಲಿನ ಹಣ) ಪರಿಹಾರದ ಒಪ್ಪಂದವನ್ನು ಕೋರ್ಟ್ ಒಪ್ಪಿದ್ದು 2019ರಲ್ಲಿ, ಅಷ್ಟರಲ್ಲಿ ಎಷ್ಟೋ ಜನ ಸತ್ತಿದ್ದರು. ಬುಷ್‌ವೆಲ್ಡ್ ಪ್ಲಾಟಿನಂ ಪಟ್ಟಿಯ ಮರಿಕಾನಾದಲ್ಲಿ ಕೂಲಿ ಹೆಚ್ಚಿಸಿ ಅಂತ ಮುಷ್ಕರ ಹೂಡಿದ್ದ 34 ಜನರನ್ನು 2012ರ ಆಗಸ್ಟ್ 16ರಂದು ಪೊಲೀಸರು ಗುಂಡಿಕ್ಕಿ ಕೊಂದರು. ವರ್ಣಭೇದದ ಆಡಳಿತ ಮುಗಿದು ಹದಿನೆಂಟು ವರ್ಷ ಆದ ಮೇಲೆ.

ಈಗ ವರ್ಷಕ್ಕೆ ಸಿಗುವ ಚಿನ್ನ 100 ಟನ್ ಆಸುಪಾಸು. ಎಂಪೊನೆಂಗ್ ಗಣಿ ನಾಲ್ಕು ಕಿಲೋಮೀಟರ್ ಆಳಕ್ಕೆ ಹತ್ತಿರ ಹೋಗಿದೆ, ಅಲ್ಲಿ ಕಲ್ಲಿನ ಬಿಸಿ 60 ಡಿಗ್ರಿಗೂ ಮೇಲೆ, ಪುಡಿ ಮಂಜುಗಡ್ಡೆ ಇಳಿಸಿ ಗಾಳಿ ತಂಪು ಮಾಡುತ್ತಾರೆ. ಉಳಿದ ಎಷ್ಟೋ ಗಣಿಗಳು ಮುಚ್ಚಿವೆ. ಜೋಹಾನ್ಸ್‌ಬರ್ಗ್ ಸುತ್ತ ಅರೆದ ಕಲ್ಲಿನ ಹಳದಿ ಗುಡ್ಡಗಳು ನಿಂತಿವೆ, ಗಾಳಿ ಬಂದರೆ ದೂಳು ಬಡಾವಣೆಗಳ ಮೇಲೆ ಬೀಳುತ್ತದೆ. ಕೆಜಿಎಫ್‌ನ ಸೈನೈಡ್ ದಿಬ್ಬಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪೈರೈಟ್ ವಿಷಯಕ್ಕೆ ಬರುತ್ತೇನೆ. ಗಣಿ ನಡೆಯುವಾಗ ಪಂಪ್ ಹಾಕಿ ನೀರು ಎತ್ತುತ್ತಿದ್ದರು. ಗಣಿ ಮುಚ್ಚಿದ ಮೇಲೆ ಪಂಪ್ ನಿಂತಿತು, ಸುರಂಗಗಳಲ್ಲಿ ನೀರು ತುಂಬಿತು. ಗಾಳಿಯಲ್ಲಿ ಆಮ್ಲಜನಕವೇ ಇಲ್ಲದ ಕಾಲದಲ್ಲಿ ಹೂತು, 280 ಕೋಟಿ ವರ್ಷ ಹಾಳಾಗದೆ ಉಳಿದಿದ್ದ ಆ ಕಾಳುಗಳಿಗೆ ಈಗ ಗಾಳಿ, ನೀರು ಎರಡೂ ಸಿಕ್ಕವು. ಪೈರೈಟ್ ತುಕ್ಕು ಹಿಡಿದರೆ ಗಂಧಕದ ಆಮ್ಲ ಆಗುತ್ತದೆ, ಆ ಆಮ್ಲ ಕಲ್ಲಿನೊಳಗಿನ ಲೋಹಗಳನ್ನು, ಯುರೇನಿಯಂ ಸಮೇತ, ಕರಗಿಸಿಕೊಂಡು ಹರಿಯುತ್ತದೆ. 2002ರಲ್ಲಿ ಜೋಹಾನ್ಸ್‌ಬರ್ಗ್‌ನ ಪಶ್ಚಿಮಕ್ಕೆ, ಕ್ರೂಗರ್ಸ್‌ಡಾರ್ಪ್ ಬಳಿ, ಅಂಥ ಕೆಂಪು ನೀರು ನೆಲದ ಮೇಲೆ ಉಕ್ಕಿ ಹಳ್ಳ ಸೇರಿತು. ಈಗ ಆ ನೀರನ್ನು ಪಂಪ್ ಮಾಡಿ, ಸುಣ್ಣ ಹಾಕಿ ಆಮ್ಲ ತಗ್ಗಿಸಿ ಬಿಡುತ್ತಾರೆ, ಆದರೂ ಅದರ ಲವಣ ನದಿಗೆ ಹೋಗುತ್ತದೆ. ಖರ್ಚಿನ ಭಾರ ಸರ್ಕಾರದ ಮೇಲೂ ಬಿದ್ದಿದೆ. ಚಿನ್ನ ತೆಗೆದ ಕಂಪನಿಗಳಲ್ಲಿ ಎಷ್ಟೋ ಈಗ ಇಲ್ಲವೇ ಇಲ್ಲ, ಪಂಪ್‌ಗಳನ್ನು ಮಾತ್ರ ನಿಲ್ಲಿಸುವಂತಿಲ್ಲ.