ನೊಂದವರ ಕೈಗೆ ನಗದು ಕೊಟ್ಟರೆ ಪೋಲಾಗುವುದಿಲ್ಲವೇ?

ಪ್ರಶ್ನೆ: ಯುದ್ಧ, ಬರ, ಭೂಕಂಪಗಳಿಂದ ಸಂತ್ರಸ್ತರಾದವರಿಗೆ ಅಂತರರಾಷ್ಟ್ರೀಯ ಸಂಸ್ಥೆಗಳು ಈಗೀಗ ಅಕ್ಕಿ, ಕಂಬಳಿಗಳ ಬದಲು ಹಣವನ್ನೇ ಕೊಡುತ್ತಿವೆಯಂತೆ. ಆ ಹಣ ಕುಡಿತಕ್ಕೆ ಹೋಗುವುದಿಲ್ಲವೇ? ಇದನ್ನು ಸುಧಾರಣೆ ಎಂದು ಕರೆಯುವುದು ಹೇಗೆ?

ಉತ್ತರ: ಪ್ರತಿ ಪ್ರವಾಹದ ನಂತರ, ಪ್ರತಿ ಯುದ್ಧದ ನಂತರ ಈ ಪ್ರಶ್ನೆ ಬಂದೇ ಬರುತ್ತದೆ. ಅನ್ನಭಾಗ್ಯದ ಹೆಚ್ಚುವರಿ ಐದು ಕೆ.ಜಿ. ಅಕ್ಕಿಯ ಬದಲು ತಲಾ 170 ರೂಪಾಯಿಯನ್ನು 2023ರ ಜುಲೈನಿಂದ ಖಾತೆಗೆ ಹಾಕತೊಡಗಿದಾಗ ನಮ್ಮಲ್ಲಿಯೂ ಇದೇ ಮಾತು ಕೇಳಿಬಂದಿತ್ತು. ಎಷ್ಟು ಸಲ ಉತ್ತರಿಸಿದರೂ ಈ ಸಂಶಯ ಹಿಂದಿರುಗಿ ಬರುವುದರಿಂದ, ಈ ಬಾರಿ ಆಧಾರಗಳನ್ನು ಮುಂದಿಟ್ಟೇ ಬರೆಯುತ್ತೇನೆ.

ಬಡವರ ಕೈಗೆ ಹಣ ಸಿಕ್ಕಾಗ ಮದ್ಯ ಮತ್ತು ತಂಬಾಕಿನ ಖರ್ಚು ಏರುತ್ತದೆಯೇ ಎಂದು ಅಳೆದ 19 ಅಧ್ಯಯನಗಳನ್ನು ವಿಶ್ವಬ್ಯಾಂಕಿನ ಡೇವಿಡ್ ಎವನ್ಸ್ ಮತ್ತು ಆನಾ ಪೊಪೋವಾ 2014ರಲ್ಲಿ ಒಟ್ಟಿಗೆ ಪರಿಶೀಲಿಸಿದರು. ಹೆಚ್ಚುಕಡಿಮೆ ಎಲ್ಲ ಕಡೆಯೂ ಆ ಖರ್ಚು ಏರಿರಲಿಲ್ಲ. ಕೆಲವೆಡೆ ಇಳಿದೇ ಇತ್ತು. ಇವುಗಳಲ್ಲಿ ಹೆಚ್ಚಿನವು ಸಾಮಾನ್ಯ ಕಾಲದ ಯೋಜನೆಗಳು, ನಿರಾಶ್ರಿತರ ಪರಿಸ್ಥಿತಿ ಬೇರೆ ಎಂದು ನೀವು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದದ್ದೇ, ಆದ್ದರಿಂದ ಲೆಬನಾನಿನ ಉದಾಹರಣೆಯನ್ನು ನೋಡೋಣ. 2013-14ರ ಚಳಿಗಾಲದಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಮತ್ತು ಅದರ ಸಹಯೋಗಿಗಳು ಸಮುದ್ರಮಟ್ಟದಿಂದ 500 ಮೀಟರಿಗಿಂತ ಎತ್ತರದಲ್ಲಿ ನೆಲೆಸಿದ್ದ ಸಿರಿಯಾದ ನಿರಾಶ್ರಿತ ಕುಟುಂಬಗಳಿಗೆ ಎಟಿಎಂ ಕಾರ್ಡಿನ ಮೂಲಕ ಹಣ ಕೊಟ್ಟವು. ಆ ರೇಖೆಯ ತುಸು ಮೇಲಿದ್ದವರನ್ನೂ ತುಸು ಕೆಳಗಿದ್ದವರನ್ನೂ ಹೋಲಿಸಲು ಸಾಧ್ಯವಾದದ್ದರಿಂದ ಹಣದ ಪರಿಣಾಮ ಸ್ಪಷ್ಟವಾಗಿ ಗೋಚರಿಸಿತು. ಬೆಚ್ಚಗಿರಲು ಇಂಧನ ಕೊಳ್ಳಲೆಂದು ಕೊಟ್ಟ ಹಣದ ದೊಡ್ಡ ಪಾಲು ಆಹಾರಕ್ಕೂ ನೀರಿಗೂ ಹೋಗಿತ್ತು, ಮಕ್ಕಳನ್ನು ದುಡಿಮೆಗೆ ಕಳಿಸುವುದು ಕಡಿಮೆಯಾಗಿತ್ತು, ದುಂದಿನ ಕುರುಹು ಸಿಗಲಿಲ್ಲ. ಚಳಿಯಲ್ಲಿ ನಡುಗುತ್ತಿದ್ದ ತಾಯಿ ಇಂಧನ ಬಿಟ್ಟು ಹಿಟ್ಟು ಕೊಂಡಿದ್ದರೆ ಅದನ್ನು ದುರ್ಬಳಕೆ ಎನ್ನಲಾದೀತೇ? ಮನೆಯಲ್ಲಿ ಯಾವುದು ಹೆಚ್ಚು ತುರ್ತು ಎಂಬುದು ಜಿನೀವಾದಲ್ಲಿರುವ ಆ ಸಂಸ್ಥೆಯ ಕಚೇರಿಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು.

ಹಣ ಪೋಲಾಗುತ್ತದೆ ಎನ್ನುವವರು, ವಸ್ತು ಪೋಲಾಗುವುದಿಲ್ಲ ಎಂದು ಮನಸ್ಸಿನಲ್ಲೇ ಒಪ್ಪಿಕೊಂಡಿರುತ್ತಾರೆ. ಈ ಮಿಥ್ಯೆಯ ಬೇರು ಇರುವುದೇ ಅಲ್ಲಿ. 2004ರ ಸುನಾಮಿಯ ನಂತರ ಇಪ್ಪತ್ತು ಲಕ್ಷಕ್ಕಿಂತ ಕಡಿಮೆ ಸಂತ್ರಸ್ತರಿದ್ದ ಇಂಡೊನೇಷ್ಯಾದ ಅಚೇ ಪ್ರಾಂತ್ಯಕ್ಕೆ ಸುಮಾರು 4,000 ಟನ್ ಔಷಧ ಬಂದು ಬಿತ್ತು. ಬಹುಪಾಲು ಔಷಧಗಳ ಮೇಲಿನ ಬರಹ ಅಲ್ಲಿನವರಿಗೆ ಓದಲು ಬಾರದ ಭಾಷೆಯಲ್ಲಿತ್ತು, ಎಷ್ಟೋ ಔಷಧಗಳ ಅವಧಿ ಮುಗಿದಿತ್ತು ಇಲ್ಲವೇ ಮುಗಿಯುವುದರಲ್ಲಿತ್ತು, ಅವನ್ನು ಸುರಕ್ಷಿತವಾಗಿ ನಾಶಮಾಡುವುದೇ ಬೇರೊಂದು ಹೊರೆಯಾಯಿತು. ಅದೇ ಸುನಾಮಿಯ ಸಮಯದಲ್ಲಿ ನಮ್ಮ ಪಕ್ಕದ ತಮಿಳುನಾಡಿನ ಕರಾವಳಿಗೆ ದೇಶದೆಲ್ಲೆಡೆಯಿಂದ ಹೋದ ಹಳೆಯ ಬಟ್ಟೆಗಳು ರಸ್ತೆಬದಿಯಲ್ಲಿ ರಾಶಿಬಿದ್ದಿದ್ದವು. ಕಳಿಸಿದವರ ಮನಸ್ಸು ಒಳ್ಳೆಯದೇ. ಆದರೆ ಬೇಕಾದವರನ್ನು ಯಾರೂ ಕೇಳಿರಲಿಲ್ಲ. ಇನ್ನು ಅಮೆರಿಕ 1954ರಿಂದ ನಡೆಸಿಕೊಂಡು ಬಂದ ಆಹಾರ ನೆರವಿನ ಧಾನ್ಯ ಬಹುತೇಕ ಅಲ್ಲಿನ ರೈತರಿಂದಲೇ ಖರೀದಿಯಾಗುತ್ತಿತ್ತು, ಅದರಲ್ಲಿ ಅರ್ಧದಷ್ಟಾದರೂ ಅಮೆರಿಕದ ಧ್ವಜ ಹೊತ್ತ ಹಡಗುಗಳಲ್ಲೇ ಸಾಗಬೇಕೆಂಬ ಕಾನೂನೂ ಇದೆ. ಹಸಿದವರಿಗೆಂದು ತೆಗೆದಿರಿಸಿದ ಹಣದ ಒಂದು ಭಾಗ ಹೀಗೆ ಹಡಗಿನ ಬಾಡಿಗೆಯಾಗಿ ಕರಗುತ್ತದೆ, ಧಾನ್ಯ ತಲುಪುವುದಕ್ಕೂ ತಿಂಗಳುಗಳು ಹಿಡಿಯುತ್ತವೆ.

2011ರಲ್ಲಿ ಸೊಮಾಲಿಯಾದ ದಕ್ಷಿಣ ಭಾಗಗಳಲ್ಲಿ ಕ್ಷಾಮ ಘೋಷಣೆಯಾದಾಗ ಅಲ್-ಶಬಾಬ್ ಎಂಬ ಉಗ್ರ ಸಂಘಟನೆಯ ಹಿಡಿತದಲ್ಲಿದ್ದ ಪ್ರದೇಶಗಳಿಗೆ ಆಹಾರದ ಲಾರಿಗಳು ಹೋಗುವಂತಿರಲಿಲ್ಲ. ಅಲ್ಲಿನ ವ್ಯಾಪಾರಿಗಳಾದರೋ ಧಾನ್ಯ ತರಿಸಿ ಮಾರುತ್ತಲೇ ಇದ್ದರು. ಜನರ ಬಳಿ ಕೊಳ್ಳಲು ಕಾಸಿರಲಿಲ್ಲ. ಆಗ ಅಲ್ಲಿ ರೂಢಿಯಲ್ಲಿರುವ ಹಣ ರವಾನೆಯ ಹವಾಲಾ ವ್ಯಾಪಾರಿಗಳ ಮೂಲಕ ಹತ್ತು ಲಕ್ಷಕ್ಕೂ ಹೆಚ್ಚು ಜನರಿಗೆ ಹಣ ತಲುಪಿಸಲಾಯಿತು. ಆ ಕ್ಷಾಮದಲ್ಲಿ ಸುಮಾರು 2,58,000 ಜನ ಸತ್ತರು, ಅವರಲ್ಲಿ ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳು. ನಗದು ಕೊಡಬಹುದೋ ಬಾರದೋ ಎಂಬ ಚರ್ಚೆಯಲ್ಲಿ ಕಳೆದ ವಾರಗಳು ಇನ್ನಷ್ಟು ಬೇಗ ಮುಗಿದಿದ್ದರೆ ಎಂದು ನನಗೆ ಇಂದಿಗೂ ಅನಿಸುತ್ತದೆ.

ನಗದು ಎಲ್ಲೆಡೆಯೂ ಸರಿ ಎಂದು ಇದರ ಅರ್ಥವಲ್ಲ. ಯುದ್ಧದ ದಿನಗಳ ಗಾಜಾದಂತೆ ಸರಕೇ ಒಳಗೆ ಬಾರದ ಕಡೆ ಹಣ ಬೆಲೆಯನ್ನಷ್ಟೇ ಏರಿಸುತ್ತದೆ. ನೈಜರ್ ದೇಶದಲ್ಲಿ ನಡೆದ ಹೋಲಿಕೆಯಲ್ಲಿ ಹಣ ಪಡೆದವರಿಗಿಂತ ಧಾನ್ಯ, ಬೇಳೆ ಪಡೆದವರ ಊಟದಲ್ಲೇ ಹೆಚ್ಚು ವೈವಿಧ್ಯ ಕಂಡಿತ್ತು. ಮಾರುಕಟ್ಟೆ ನಡೆಯುತ್ತಿದೆಯೇ ಎಂದು ಮೊದಲು ನೋಡಬೇಕು, ಆಮೇಲೆ ತೀರ್ಮಾನಿಸಬೇಕು. ಜಗತ್ತಿನ ಒಟ್ಟು ಮಾನವೀಯ ನೆರವಿನಲ್ಲಿ ನಗದು ಮತ್ತು ಕೂಪನ್ನುಗಳ ಪಾಲು ಇಂದಿಗೂ ಸುಮಾರು ಐದನೇ ಒಂದರಷ್ಟೇ ಇರುವುದರಿಂದ, ಹಣ ಅತಿಯಾಯಿತೆಂಬ ಆತಂಕಕ್ಕೆ ಆಧಾರವಿಲ್ಲ.

ನೀವು ಕೇಳದಿದ್ದರೂ ಕೇಳಬೇಕಾಗಿದ್ದ ಇನ್ನೊಂದು ಪ್ರಶ್ನೆ ಇದೆ: ದಾನಿ ದೇಶದ ಖಜಾನೆಯಿಂದ ಹೊರಟ ಹಣ ಸಂತ್ರಸ್ತರನ್ನು ಮುಟ್ಟುವ ಮೊದಲು ಎಷ್ಟು ಕೈ ದಾಟುತ್ತದೆ? 2016ರ ಮೇ ತಿಂಗಳಲ್ಲಿ ಇಸ್ತಾಂಬುಲ್‌ನಲ್ಲಿ ನಡೆದ ವಿಶ್ವ ಮಾನವೀಯ ಶೃಂಗಸಭೆಯಲ್ಲಿ ದೊಡ್ಡ ದಾನಿಗಳೂ ಸಂಸ್ಥೆಗಳೂ ‘ಗ್ರ್ಯಾಂಡ್ ಬಾರ್ಗೇನ್’ ಎಂಬ ಒಪ್ಪಂದಕ್ಕೆ ಬಂದು, 2020ರ ಹೊತ್ತಿಗೆ ಕನಿಷ್ಠ ಶೇಕಡಾ 25ರಷ್ಟು ನೆರವನ್ನು ಸಾಧ್ಯವಾದಷ್ಟು ನೇರವಾಗಿ ಸ್ಥಳೀಯ ಸಂಸ್ಥೆಗಳಿಗೆ ತಲುಪಿಸುವುದಾಗಿ ಮಾತು ಕೊಟ್ಟವು. ಗಡುವು ಮುಗಿದು ವರ್ಷಗಳಾದರೂ ನೇರವಾಗಿ ತಲುಪುತ್ತಿರುವ ಪಾಲು ಶೇಕಡಾ 5ನ್ನೂ ದಾಟಿಲ್ಲ. ಸಣ್ಣ ಸಂಸ್ಥೆಗಳಿಗೆ ಲೆಕ್ಕಪತ್ರದ ಸಾಮರ್ಥ್ಯವಿಲ್ಲ ಎಂಬುದು ದಾನಿಗಳು ಕೊಡುವ ಕಾರಣ. ಆ ಸಾಮರ್ಥ್ಯ ಬೆಳೆಯಲು ಬೇಕಾದ ಆಡಳಿತ ವೆಚ್ಚವನ್ನು ಆ ಸಂಸ್ಥೆಗಳಿಗೆ ಕೊಡಲು ಹಿಂಜರಿಯುವವರೂ ಈ ದಾನಿಗಳೇ.

ಸುಡಾನಿನಲ್ಲಿ 2023ರ ಏಪ್ರಿಲ್‌ನಲ್ಲಿ ಯುದ್ಧ ಶುರುವಾಗಿ ವಿದೇಶಿ ಸಿಬ್ಬಂದಿ ಖಾರ್ಟೂಮ್ ತೊರೆದಾಗ, ಅಲ್ಲಿನ ಯುವಜನರೇ ‘ತುರ್ತು ಸ್ಪಂದನಾ ಕೊಠಡಿ’ಗಳನ್ನು ಕಟ್ಟಿಕೊಂಡು ಬಡಾವಣೆ ಬಡಾವಣೆಯಲ್ಲಿ ಸಾಮೂಹಿಕ ಅಡುಗೆಮನೆಗಳನ್ನು ತೆರೆದರು. ಹೊರದೇಶಗಳಲ್ಲಿರುವ ಸುಡಾನಿಗರು ಹಣ ಕಳಿಸಿದರು, ‘ಬಂಕಕ್’ ಎಂಬ ಮೊಬೈಲ್ ಆ್ಯಪಿನಲ್ಲಿ ಬಂದ ಹಣದಿಂದ ಬೇಳೆ, ಎಣ್ಣೆ ಕೊಂಡರು. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ಹಠಾತ್ತನೆ ತಡೆಹಿಡಿದಾಗ ಆ ನೆರವನ್ನೂ ನಂಬಿದ್ದ ಇಂಥ ನೂರಾರು ಅಡುಗೆಮನೆಗಳು ಮುಚ್ಚಿದವು. ವರ್ಷಗಟ್ಟಲೆ ನಿಲ್ಲುವ ಹಣ, ಅವರ ಕೈಗೆಟುಕುವಷ್ಟು ಸರಳವಾದ ಲೆಕ್ಕದ ನಿಯಮ, ಯಾವ ಬಡಾವಣೆಗೆ ಮೊದಲು ಎಂದು ನಿರ್ಧರಿಸುವ ಅಧಿಕಾರ: ಇವಿಷ್ಟೂ ಆ ಕೊಠಡಿಗಳಿಗೆ ಸಿಗುವವರೆಗೆ ಇಸ್ತಾಂಬುಲ್‌ನಲ್ಲಿ ಕೊಟ್ಟ ಮಾತು ಬಾಕಿಯೇ ಇರುತ್ತದೆ.